ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರಾಹಕರ ಪಟ್ಟಿಯನ್ನು ಇಮೇಲ್ ಸೇವೆಗೆ ಏರಿಸುವಾಗ

ದಸರಾ ವ್ಯಾಪಾರಕ್ಕೆ ಸಿದ್ಧವಾಗುತ್ತಿರುವ ಮೈಸೂರು, ಮಂಡ್ಯದ ಅಂಗಡಿಯವರಿಂದ ಈ ಸಲ ಒಂದೇ ವಿಷಯದ ಮೇಲೆ ಹೆಚ್ಚು ಪತ್ರ ಬಂದಿವೆ: ಗ್ರಾಹಕರ ಪಟ್ಟಿಯನ್ನು ಇಮೇಲ್ ಸೇವೆಗೆ, ಅಂದರೆ ಒಂದೇ ಪತ್ರವನ್ನು ನೂರಾರು ಮಂದಿಗೆ ಒಟ್ಟಿಗೆ ಕಳುಹಿಸುವ ಆನ್‌ಲೈನ್ ಸೇವೆಗೆ, ಏರಿಸುವುದು. ಆರನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದೇವರಾಜ ಅರಸು ರಸ್ತೆಯಲ್ಲಿ ನಮ್ಮ ಸೀರೆ ಅಂಗಡಿ ಇದೆ. ಆರು ವರ್ಷದ ಬಿಲ್ಲುಗಳಿಂದ ಸುಮಾರು 3,800 ಗ್ರಾಹಕರ ಹೆಸರು, ಇಮೇಲ್, ಮೊಬೈಲ್ ನಂಬರನ್ನು ಎಕ್ಸೆಲ್‌ನಲ್ಲಿ ಸೇರಿಸಿದ್ದೇವೆ. ಇಮೇಲ್ ಸೇವೆಗೆ ಏರಿಸಿದ ಮೇಲೆ ಕೆಲವು ಕನ್ನಡ ಹೆಸರುಗಳು ಬರೀ ಪ್ರಶ್ನೆಚಿಹ್ನೆ, ಇನ್ನು ಕೆಲವು ಅರ್ಥವಾಗದ ಇಂಗ್ಲಿಷ್ ಅಕ್ಷರ. ಮೊಬೈಲ್ ನಂಬರೆಲ್ಲ 9.19ಇ+11 ಆಗಿದೆ. ಏನು ಮಾಡುವುದು?

ಉತ್ತರ: ಮೊದಲು ಕೆಟ್ಟಿರುವ ಬಗೆ ಯಾವುದೆಂದು ನೋಡಿ. ಮೂರು ಬಗೆ ಉಂಟು, ಮೂರಕ್ಕೂ ಮದ್ದು ಬೇರೆ.

ಬರೀ ಪ್ರಶ್ನೆಚಿಹ್ನೆ ಇದ್ದರೆ ಆ ಫೈಲಿನಲ್ಲಿ ಅಕ್ಷರಗಳೇ ಉಳಿದಿಲ್ಲ. ಎಕ್ಸೆಲ್‌ನ ಸೇವ್ ಆ್ಯಸ್‌ನಲ್ಲಿ ಸಾಮಾನ್ಯ ಸಿಎಸ್‌ವಿ (ಕಾಲಮುಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಬರಹದ ಫೈಲು) ಆರಿಸಿದಾಗ ಹೀಗಾಗುತ್ತದೆ. ಆ ಬಗೆಯ ಫೈಲಿನಲ್ಲಿ ಕನ್ನಡಕ್ಕೆ ಜಾಗವಿಲ್ಲ. ಅದನ್ನು ರಿಪೇರಿ ಮಾಡಲು ಹೊತ್ತು ಕಳೆಯಬೇಡಿ. ಮೂಲ ಎಕ್ಸೆಲ್ ಫೈಲಿಗೆ ಹಿಂದಿರುಗಿ, ‘ಸಿಎಸ್‌ವಿ ಯುಟಿಎಫ್-8’ (ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರ ಉಳಿಸುವ ಬಗೆ) ಎಂಬುದನ್ನೇ ಆರಿಸಿ ಮತ್ತೆ ಉಳಿಸಿ. ಹಳೆಯ ಎಕ್ಸೆಲ್‌ನಲ್ಲಿ ಆ ಆಯ್ಕೆ ಇರುವುದಿಲ್ಲ. ಆಗ ಫೈಲನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಅಲ್ಲಿಂದ ಸಿಎಸ್‌ವಿಯಾಗಿ ಇಳಿಸಿಕೊಳ್ಳಿ. ಅದು ಯುಟಿಎಫ್-8ನಲ್ಲೇ ಬರುತ್ತದೆ.

ಇಂಗ್ಲಿಷಿನ ಚಿಕ್ಕ ‘ಎ’ ಅಕ್ಷರದ ತಲೆಯ ಮೇಲೊಂದು ಓರೆ ಗೀಟು, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಇದೇ ಜೋಡಿ ಹೆಸರಿನುದ್ದಕ್ಕೂ ಮತ್ತೆ ಮತ್ತೆ ಬರುತ್ತಿದೆಯೇ? ಹಾಗಿದ್ದರೆ ಹೆದರಬೇಕಿಲ್ಲ. ಫೈಲು ಸರಿಯಾಗಿಯೇ ಇದೆ, ತೆರೆದ ಕ್ರಮ ತಪ್ಪು. ಡಬಲ್ ಕ್ಲಿಕ್ ಮಾಡದೆ, ಖಾಲಿ ಎಕ್ಸೆಲ್ ಹಾಳೆಯಲ್ಲಿ ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ಗೆ ಹೋಗಿ, ‘ಫೈಲ್ ಒರಿಜಿನ್’ ಎಂಬಲ್ಲಿ 65001 ಯೂನಿಕೋಡ್ ಆರಿಸಿ. ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ.

ಮೂರನೆಯದು ನಮ್ಮ ಕಡೆಯದೇ ತೊಂದರೆ. ಹೆಸರಿನ ನಡುವೆ ಪೌಂಡ್ ಗುರುತು, ದೊಡ್ಡ ಇಂಗ್ಲಿಷ್ ಅಕ್ಷರಗಳು ಕಲಸಿಕೊಂಡಿದ್ದರೆ ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ರೂಪ ತೋರಿಸುವ ಫಾಂಟು) ಟೈಪ್ ಮಾಡಿದ ಹೆಸರು. ಆ ಪೌಂಡ್ ಗುರುತು ನಿಜಕ್ಕೂ ‘ನ’ಕಾರ. ನಿಮ್ಮ ಕಂಪ್ಯೂಟರಿನಲ್ಲಿ ಫಾಂಟು ಇರುವುದರಿಂದ ಕನ್ನಡವಾಗಿ ಕಾಣುತ್ತಿತ್ತು. ಫೈಲಿನ ಜೊತೆ ಫಾಂಟು ಹೋಗುವುದಿಲ್ಲ. ಸೇವ್ ಹೇಗೆ ಮಾಡಿದರೂ ಇದು ಸರಿಹೋಗದು. ಹೆಸರಿನ ಕಾಲಮನ್ನು ಮಾತ್ರ ಕಾಪಿ ಮಾಡಿ, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಬಂದದ್ದನ್ನು ಅದೇ ಸಾಲುಗಳಿಗೆ ಪೇಸ್ಟ್ ಮಾಡಿ. ಇಮೇಲ್ ಕಾಲಮನ್ನು ಪರಿವರ್ತಕಕ್ಕೆ ಹಾಕಲೇಬಾರದು, ವಿಳಾಸಗಳೂ ಕನ್ನಡ ಅಕ್ಷರಗಳಾಗಿ ಹಾಳಾಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ಇರುವ ಹೆಸರುಗಳನ್ನು ಪರಿವರ್ತನೆಯ ನಂತರ ಒಮ್ಮೆ ಕಣ್ಣಾರೆ ಓದಿ.

ಇನ್ನು ಮೊಬೈಲ್ ನಂಬರು. +91 ಸೇರಿಸಿ ಜಾಗ ಬಿಡದೆ ಬರೆದರೆ ಎಕ್ಸೆಲ್ ಅದನ್ನು 12 ಅಂಕಿಯ ಸಂಖ್ಯೆ ಎಂದುಕೊಂಡು ಕುಗ್ಗಿಸಿ ತೋರಿಸುತ್ತದೆ. ಸಿಎಸ್‌ವಿಯಾಗಿ ಉಳಿಸಿದಾಗ ತೋರುತ್ತಿರುವುದೇ ಫೈಲಿಗೆ ಹೋಗುತ್ತದೆ, ಉಳಿದ ಅಂಕಿಗಳು ಅಲ್ಲಿಗೆ ಮುಗಿದವು. ಮೂಲ ಫೈಲಿನಲ್ಲಿ ಆ ಕಾಲಮನ್ನು ದಶಾಂಶವಿಲ್ಲದ ‘ನಂಬರ್’ ಮಾದರಿಗೆ ತಂದರೆ ಹನ್ನೆರಡೂ ಅಂಕಿ ಕಾಣುತ್ತವೆ. ಆಮೇಲೆ ಉಳಿಸಿ. ಮೈಸೂರಿನ 0821, ಮಂಡ್ಯದ 08232ರಲ್ಲಿ ಮೊದಲ ಸೊನ್ನೆ ಉದುರುವುದೂ ಇದೇ ಕಾರಣಕ್ಕೆ. ಆ ಕಾಲಮನ್ನು ನಂಬರು ತುಂಬುವ ಮೊದಲೇ ‘ಟೆಕ್ಸ್ಟ್’ ಮಾಡಿರಬೇಕು. ಉಳಿಸಿದ ಸಿಎಸ್‌ವಿ ಸರಿಯಿದೆಯೇ ಎಂದು ನೋಡಲು ನೋಟ್‌ಪ್ಯಾಡ್ ಬಳಸಿ. ಎಕ್ಸೆಲ್‌ನಲ್ಲೇ ತೆರೆದು ಮತ್ತೆ ಸೇವ್ ಒತ್ತಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಹಾಗೆ ನೋಡಿದರೆ ಇಮೇಲ್ ಕಳುಹಿಸಲು ಮೊಬೈಲ್ ನಂಬರು ಬೇಕೇ ಇಲ್ಲ. ಬೇಡದ ಕಾಲಮನ್ನು ಏರಿಸದಿರುವುದೇ ಒಳ್ಳೆಯದು.

ಪೂರ್ತಿ 3,800 ಏರಿಸುವ ಮೊದಲು ಹತ್ತು ಸಾಲಿನ ಪುಟ್ಟ ಫೈಲು ಮಾಡಿ. ಒಂದು ಕನ್ನಡ ಹೆಸರು, ಒಂದು ಹೆಸರಿಲ್ಲದ ಸಾಲು, ಮನೆ ವಿಳಾಸದಲ್ಲಿ ಅಲ್ಪವಿರಾಮ ಇರುವ ಒಂದು ಸಾಲು, ನಿಮ್ಮದೇ ಇಮೇಲ್ ಅದರಲ್ಲಿರಲಿ. ಅದು ಸರಿಯಾಗಿ ಬಂದರೆ ಉಳಿದದ್ದನ್ನು ಏರಿಸಿ.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಹೋಂಸ್ಟೇ ನಡೆಸುತ್ತೇವೆ. ನಮ್ಮ ಇಮೇಲ್ ‘ನಮಸ್ಕಾರ ಎಚ್.’ ಎಂದು ಶುರುವಾಗುತ್ತದೆ, ಹೆಸರಿಲ್ಲದವರಿಗೆ ಬರೀ ‘ನಮಸ್ಕಾರ ಅವರೇ’ ಎಂದು ಹೋಗಿದೆ. ಅತಿಥಿಯೊಬ್ಬರು ಬೇಸರದಿಂದ ಬರೆದಿದ್ದಾರೆ.

ಉತ್ತರ: ಅತಿಥಿಯ ಬೇಸರ ನ್ಯಾಯವಾದದ್ದೇ, ಮನೆಗೆ ಕರೆದವರೇ ಹೆಸರು ತಪ್ಪಿಸಿದಂತಾಯಿತು. ಈ ಸೇವೆಗಳು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಾಲಮ್ ಕೇಳುತ್ತವೆ. ನಮ್ಮ ಕಡೆ ಹೆಸರಿನ ಮುಂದೆ ಬರುವುದು ಇನಿಶಿಯಲ್. ಕೆರಗೋಡಿನವರಾದರೆ ‘ಕೆ’, ಆಮೇಲೆ ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಕರೆಯುವ ಹೆಸರು. ಎಕ್ಸೆಲ್‌ನ ‘ಟೆಕ್ಸ್ಟ್ ಟು ಕಾಲಮ್ಸ್’ನಲ್ಲಿ ಜಾಗ ಇರುವಲ್ಲೆಲ್ಲ ಕತ್ತರಿಸಿದರೆ ‘ಎಚ್. ಆರ್. ಶಿವಣ್ಣ’ ಎಂಬುದರಲ್ಲಿ ‘ಎಚ್.’ ಮೊದಲ ಹೆಸರಾಗಿ ಕೂರುತ್ತದೆ. ಹಾಗೆಂದು ಕೊನೆಯ ತುಂಡನ್ನೇ ತೆಗೆದುಕೊಂಡರೂ ನಡೆಯದು. ‘ರಮೇಶ್ ಗೌಡ’ರು ಬರೀ ‘ಗೌಡ’ ಆಗುತ್ತಾರೆ, ‘ಸವಿತಾ ಎಂ.’ ಮತ್ತೆ ‘ಎಂ.’ ಆಗುತ್ತಾರೆ.

ಹೆಸರನ್ನು ಒಡೆಯಬೇಡಿ. ಪೂರ್ತಿ ಹೆಸರು ಒಂದು ಕಾಲಮಿನಲ್ಲಿರಲಿ, ಪಕ್ಕದಲ್ಲಿ ‘ಕರೆಯುವ ಹೆಸರು’ ಎಂಬ ಹೊಸ ಕಾಲಮ್ ಮಾಡಿ ಕೈಯಿಂದಲೇ ತುಂಬಿ. ಐದಾರು ನೂರು ಹೆಸರಿಗೆ ಒಂದು ಮಧ್ಯಾಹ್ನ ಸಾಕು. ಮೂರನೆಯದೊಂದು ಕಾಲಮಿನಲ್ಲಿ ಸಂಬೋಧನೆ ಸಿದ್ಧವಾಗಲಿ: ಹೆಸರಿದ್ದರೆ ‘ಶಿವಣ್ಣ ಅವರೇ’, ಇಲ್ಲದಿದ್ದರೆ ‘ಆತ್ಮೀಯ ಅತಿಥಿಗಳೇ’. ಎಕ್ಸೆಲ್‌ನ ‘ಇಫ್’ ಸೂತ್ರ ಇದನ್ನು ತಾನೇ ತುಂಬುತ್ತದೆ. ‘ಅವರೇ’ ಎಂಬುದು ಪತ್ರದ ಮಾದರಿಯಲ್ಲಿ ಇರಬಾರದು, ಈ ಕಾಲಮಿನೊಳಗೇ ಇರಬೇಕು. ನಿಮ್ಮಲ್ಲಿ ಹೆಸರಿಲ್ಲದವರಿಗೆ ‘ಅವರೇ’ ಒಂಟಿಯಾಗಿ ಹೋದದ್ದು ಅದು ಮಾದರಿಯಲ್ಲಿ ಕೂತಿದ್ದರಿಂದ. ‘ಶಿವಣ್ಣನವರೇ’ ಎಂದು ಸಂಧಿ ಮಾಡುವ ಆಸೆ ಬಿಡಿ. ‘ರಮೇಶ್’, ‘ಸವಿತಾ’ ಎಲ್ಲಕ್ಕೂ ಹೊಂದುವುದು ಬಿಡಿಸಿ ಬರೆದ ‘ಅವರೇ’.

ಸೇವೆಯಲ್ಲಿ ‘ಸಂಬೋಧನೆ’ ಎಂಬ ಹೊಸ ಫೀಲ್ಡ್ ಮಾಡಿ, ಏರಿಸುವಾಗ ಕಾಲಮ್ ಹೊಂದಿಸುವ ಪುಟದಲ್ಲಿ ಅದಕ್ಕೆ ಜೋಡಿಸಿ. ಜೋಡಿಸದ ಕಾಲಮ್ ಪಟ್ಟಿಗೆ ಸೇರುವುದಿಲ್ಲ.

ಪ್ರಶ್ನೆ: ಹುಟ್ಟುಹಬ್ಬದ ಶುಭಾಶಯ ಕೆಲವರಿಗೆ ಸರಿಯಾದ ದಿನ, ಕೆಲವರಿಗೆ ಯಾವುದೋ ತಿಂಗಳಲ್ಲಿ ಹೋಗುತ್ತಿದೆ. ಫೈಲು ಒಂದೇ. ಹೀಗೇಕೆ? (ಕುವೆಂಪುನಗರ, ಮೈಸೂರು)

ಉತ್ತರ: ತಾರೀಕಿನ ಕಾಲಮನ್ನು ಸ್ವಲ್ಪ ಅಗಲ ಮಾಡಿ ನೋಡಿ. ಕೆಲವು ತಾರೀಕು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಕಾರಣ ಸಿಕ್ಕಿತು. ಕಂಪ್ಯೂಟರಿನ ರೀಜನ್ (ದೇಶದ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ, ಹಾಗಾಗಿ ಜುಲೈ 4ಕ್ಕೆ ನೀವು ಬರೆದ 04/07/1990 ಏಪ್ರಿಲ್ 7 ಆಗಿ ಬಲಕ್ಕೆ ಸರಿಯುತ್ತದೆ. 25/12/1990ರಲ್ಲಿ 25ನೇ ತಿಂಗಳೇ ಇಲ್ಲವಾದ್ದರಿಂದ ಅದು ಬರಹವಾಗಿ ಎಡಕ್ಕೇ ಉಳಿಯುತ್ತದೆ. ರೀಜನ್ ಅನ್ನು ಭಾರತಕ್ಕೆ ಬದಲಿಸಿ, ಮೂಲದಿಂದ ಮತ್ತೆ ತೆಗೆಯಿರಿ. ಸೇವೆಯಲ್ಲೂ ಆ ಫೀಲ್ಡಿನ ಮಾದರಿ ದಿನ/ತಿಂಗಳು ಎಂದೇ ಇರಲಿ.

ಪ್ರಶ್ನೆ: ಮಂಡ್ಯದಲ್ಲಿ ಸಾವಯವ ಬೆಲ್ಲ ಮಾರುತ್ತೇವೆ. ಮೇಳಗಳಲ್ಲಿ ಪುಸ್ತಕದಲ್ಲಿ ಬರೆಸಿಕೊಂಡ 900 ವಿಳಾಸ ಇದೆ. ಒಬ್ಬರು ‘ಬೆಂಗಳೂರು, ಮೈಸೂರಿನ 20,000 ಇಮೇಲ್ ಕೊಡುತ್ತೇನೆ’ ಎಂದು ಮುಂದೆ ಬಂದಿದ್ದಾರೆ. ಕೊಳ್ಳಬಹುದೇ?

ಉತ್ತರ: ಬೇಡ. ಒಂದು ರೂಪಾಯಿಗೆ ಕೊಟ್ಟರೂ ಬೇಡ. ಆ 20,000 ಮಂದಿಯಲ್ಲಿ ಒಬ್ಬರೂ ನಿಮ್ಮ ಬೆಲ್ಲದ ಸುದ್ದಿ ಕೇಳಿಲ್ಲ. ಇಂಥ ಪಟ್ಟಿಗಳಲ್ಲಿ ಸತ್ತ ವಿಳಾಸಗಳೂ, ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆ ವಿಳಾಸಗಳೂ ಸೇರಿರುತ್ತವೆ. ಹಿಂದಿರುಗುವ ಇಮೇಲ್ ಹೆಚ್ಚಾದರೆ ಸೇವೆಯವರು ಖಾತೆ ತಡೆಯುತ್ತಾರೆ, ಆಗ ನಿಮ್ಮ ನಿಜವಾದ 900 ಗ್ರಾಹಕರಿಗೂ ದಾರಿ ಮುಚ್ಚುತ್ತದೆ. ಕೊಂಡ ಪಟ್ಟಿ ಹಾಕಬಾರದೆಂದು ಮೇಲ್‌ಚಿಂಪ್‌ನಂಥ ಸೇವೆಗಳ ನಿಯಮವೇ ಇದೆ.

ಕಾನೂನೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಯಾವ ಉದ್ದೇಶಕ್ಕೆಂದು ತಿಳಿಸಿ ಪಡೆದಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಒಪ್ಪಿಗೆ ಕೇಳುವ ತಿಳಿವಳಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಜನರಿಗೆ ಇರಬೇಕು ಎನ್ನುತ್ತದೆ ಕಾಯ್ದೆ; ಕನ್ನಡ ಅದರಲ್ಲಿದೆ. ಮೇಳದ ಪುಸ್ತಕದ ಪ್ರತಿ ಪುಟದ ಮೇಲೆ ‘ಹೊಸ ಬೆಲ್ಲ ಬಂದಾಗ ತಿಂಗಳಿಗೊಮ್ಮೆ ಇಮೇಲ್ ಕಳುಹಿಸುತ್ತೇವೆ, ಬೇಡವೆಂದಾಗ ನಿಲ್ಲಿಸುತ್ತೇವೆ’ ಎಂದು ಬರೆಸಿ, ಪಕ್ಕದಲ್ಲಿ ಗುರುತು ಹಾಕಲು ಒಂದು ಚೌಕ, ತಾರೀಕಿಗೆ ಜಾಗ ಬಿಡಿ. ಬಿಲ್ ಕಳುಹಿಸಲೆಂದು ಕೊಟ್ಟ ವಿಳಾಸ ಬಿಲ್ಲಿಗೇ ಇರಲಿ.

ಕೈಬರಹದ 900ನ್ನು ಟೈಪ್ ಮಾಡಿದ ಮೇಲೆ ತಪ್ಪು ಹುಡುಕಲು ಒಂದು ಉಪಾಯ: ವಿಳಾಸದ ಕಾಲಮನ್ನು ಬೇರೆ ಹಾಳೆಗೆ ಕಾಪಿ ಮಾಡಿ, ‘ಅಟ್’ ಚಿಹ್ನೆ ಇರುವಲ್ಲಿ ಒಡೆದು, ಬಲಗಡೆಯ ಭಾಗವನ್ನು ಅಕಾರಾದಿಯಲ್ಲಿ ಜೋಡಿಸಿ. ಸಾಲು ಸಾಲು ‘ಜಿಮೇಲ್ ಡಾಟ್ ಕಾಮ್’ ನಡುವೆ ‘ಡಾಟ್ ಕಾನ್’ ಆದದ್ದು, ‘ಐ’ ‘ಎ’ ಅದಲು ಬದಲಾದದ್ದು ಕೂಡಲೇ ಕಣ್ಣಿಗೆ ಬೀಳುತ್ತವೆ. ಅವನ್ನು ತಿದ್ದಬಹುದು. ಆದರೆ ಯಾಹೂವಿನ ‘ಡಾಟ್ ಕಾಮ್’ ಮತ್ತು ‘ಡಾಟ್ ಕೋ ಡಾಟ್ ಇನ್’ ಎರಡೂ ಸರಿಯಾದ ವಿಳಾಸಗಳೇ, ಒಂದನ್ನು ಇನ್ನೊಂದಾಗಿ ಮಾಡಬೇಡಿ. ಎಡಗಡೆಯ ಭಾಗವನ್ನು ಊಹಿಸಿ ತಿದ್ದುವುದಂತೂ ಬೇಡವೇ ಬೇಡ, ಪತ್ರ ಇನ್ನಾರಿಗೋ ಹೋಗುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ತಪ್ಪು ವಿಳಾಸದ ತುದಿಯ ಖಾಲಿ ಜಾಗ. ಎಕ್ಸೆಲ್‌ನ ‘ಟ್ರಿಮ್’ ಸೂತ್ರ ಅದನ್ನು ತೆಗೆಯುತ್ತದೆ, ಆದರೆ ವೆಬ್ ಪುಟದಿಂದ ಕಾಪಿ ಮಾಡಿದಾಗ ಅಂಟಿ ಬರುವ ಬೇರೆ ಬಗೆಯ ಜಾಗಕ್ಕೆ ಅದು ಸಾಲದು. ಆ ಜಾಗವನ್ನೇ ಆಯ್ದು ಕಾಪಿ ಮಾಡಿ, ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ಹಾಕಿ, ಬದಲಿಗೆ ಏನೂ ಕೊಡದೆ ಅಳಿಸಿ.

ಪ್ರಶ್ನೆ: ಹಳೆಯ ಇಮೇಲ್ ಸೇವೆಯಿಂದ ಹೊಸದಕ್ಕೆ ಬದಲಾದೆವು. ‘ಬೇಡ’ ಎಂದು ಹಿಂದೆಯೇ ಹೇಳಿದ್ದವರಿಗೂ ಮತ್ತೆ ಇಮೇಲ್ ಹೋಗಿ ಜಗಳವಾಯಿತು. (ವಿಜಯನಗರ, ಮೈಸೂರು)

ಉತ್ತರ: ಹಳೆಯ ಸೇವೆಗೆ ಗೊತ್ತಿದ್ದ ‘ಬೇಡ’ ಹೊಸದಕ್ಕೆ ಗೊತ್ತಿಲ್ಲ, ನೀವೇ ಹೇಳಬೇಕು. ಮೇಲ್‌ಚಿಂಪ್‌ನಿಂದ ಎಕ್ಸ್‌ಪೋರ್ಟ್ ಮಾಡಿದರೆ ಜಿಪ್ ಫೈಲಿನಲ್ಲಿ ಚಂದಾದಾರರು, ಬಿಟ್ಟುಹೋದವರು, ‘ಕ್ಲೀನ್ಡ್’ ಎಂಬ ತಲುಪದ ವಿಳಾಸಗಳು ಬೇರೆ ಬೇರೆ ಫೈಲಾಗಿ ಬರುತ್ತವೆ. ಬೇರೆ ಸೇವೆಗಳಲ್ಲಿ ಒಂದೇ ಫೈಲಿನಲ್ಲಿ ‘ಸ್ಟೇಟಸ್’ ಕಾಲಮ್ ಇರಬಹುದು, ಅದನ್ನು ನೋಡಿ ನೀವೇ ಬೇರ್ಪಡಿಸಿ. ಹೊಸ ಸೇವೆಗೆ ಮೊದಲು ಏರಬೇಕಾದದ್ದು ಬಿಟ್ಟುಹೋದವರ ಮತ್ತು ತಲುಪದವರ ಫೈಲು. ಏರಿಸುವಾಗ ಅವರ ಸ್ಥಿತಿ ‘ಅನ್‌ಸಬ್‌ಸ್ಕ್ರೈಬ್ಡ್’ ಅಥವಾ ‘ಬ್ಲಾಕ್‌ಲಿಸ್ಟ್’ ಎಂದು ಕೊಡಿ. ಚಂದಾದಾರರದ್ದು ಆಮೇಲೆ. ಹಳೆಯ ಖಾತೆಯನ್ನು ಈ ಫೈಲುಗಳು ಕೈಗೆ ಬರುವ ಮೊದಲು ಮುಚ್ಚಬೇಡಿ. ಜಗಳವಾಡಿದವರಿಗೆ ಕ್ಷಮೆ ಕೇಳಿ ಇನ್ನೊಂದು ಇಮೇಲ್ ಕಳುಹಿಸದೆ ಫೋನ್ ಮಾಡಿ.

ಇನ್ನೊಂದು ಮಾತು. ಮೇಲ್‌ಚಿಂಪ್‌ನಲ್ಲಿ ಬಿಟ್ಟುಹೋದವರೂ ಶುಲ್ಕದ ಲೆಕ್ಕಕ್ಕೆ ಸೇರುತ್ತಾರೆ. ಅವರನ್ನು ಆರ್ಕೈವ್ ಮಾಡಿದರೆ ಲೆಕ್ಕದಿಂದ ಇಳಿಯುತ್ತಾರೆ.

ಪ್ರಶ್ನೆ: ಪಟ್ಟಿ ಚೊಕ್ಕವಾಗಿದೆ, ಎಲ್ಲರೂ ಒಪ್ಪಿ ಕೊಟ್ಟವರೇ. ಆದರೂ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ. ಕಳುಹಿಸುವುದು ಅಂಗಡಿಯ ಜಿಮೇಲ್ ವಿಳಾಸದಿಂದ. ದಸರಾಕ್ಕೆ 2,500 ಮಂದಿಗೆ ಕಳುಹಿಸಬೇಕು. (ಮದ್ದೂರು)

ಉತ್ತರ: ಜಿಮೇಲ್ ವಿಳಾಸವೇ ಇದಕ್ಕೆ ಮುಖ್ಯ ಕಾರಣ. ಜಿಮೇಲ್ ಹೆಸರಿನ ಪತ್ರ ಗೂಗಲ್‌ನ ಸರ್ವರಿನಿಂದ ಬಾರದೆ ಬೇರೆ ಸೇವೆಯ ಸರ್ವರಿನಿಂದ ಬಂದರೆ ಪಡೆಯುವ ಕಡೆ ಅನುಮಾನ ಸಹಜ. ನಿಮ್ಮ ಅಂಗಡಿಯ ಹೆಸರಿನಲ್ಲಿ ಸ್ವಂತ ಡೊಮೈನ್ (ಇಮೇಲ್ ವಿಳಾಸದಲ್ಲಿ ‘ಅಟ್’ ನಂತರ ಬರುವ ಹೆಸರು) ಕೊಳ್ಳಿ. ಇಮೇಲ್ ಸೇವೆ ಕೊಡುವ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರು ಕಳುಹಿಸಬಹುದೆಂದು ಹೇಳುವ ಸಾಲು), ಡಿಕೆಐಎಂ (ಪತ್ರದ ಡಿಜಿಟಲ್ ಸಹಿ) ದಾಖಲೆಗಳನ್ನು ಡೊಮೈನಿನ ಡಿಎನ್‌ಎಸ್ (ಡೊಮೈನಿನ ವಿವರಗಳನ್ನು ಇಂಟರ್‌ನೆಟ್ಟಿಗೆ ತಿಳಿಸುವ ವ್ಯವಸ್ಥೆ) ಪುಟದಲ್ಲಿ ಅಕ್ಷರ ಬಿಡದೆ ಸೇರಿಸಿ, ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ) ದಾಖಲೆಯನ್ನು ಸದ್ಯಕ್ಕೆ ‘ನನ್’ (ಯಾವ ಕ್ರಮವೂ ಬೇಡ ಎಂಬ) ಪಾಲಿಸಿಯಲ್ಲಿ ಇಡಿ. ಎಸ್‌ಪಿಎಫ್ ಸಾಲು ಒಂದು ಡೊಮೈನಿಗೆ ಒಂದೇ ಇರಬೇಕು. ಮೊದಲೇ ಒಂದಿದ್ದರೆ ಹೊಸ ಸೇವೆಯ ಹೆಸರನ್ನು ಅದರೊಳಗೇ ಸೇರಿಸಿ. ಎರಡು ಸಾಲು ಇದ್ದರೆ ಎರಡೂ ಕೆಲಸಕ್ಕೆ ಬಾರವು.

ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರಿಗೆ ಮೂರು ದಾಖಲೆಗಳೂ, ಒಂದೇ ಕ್ಲಿಕ್ಕಿನಲ್ಲಿ ಬಿಡುವ ಸೌಲಭ್ಯವೂ ಕಡ್ಡಾಯ. ನೀವು ಅಷ್ಟು ಕಳುಹಿಸದಿದ್ದರೂ ಇವನ್ನು ಮಾಡಿಕೊಳ್ಳಿ. ಸ್ಪ್ಯಾಮ್ ಎಂದು ಗುರುತಿಸುವವರು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಇರಬೇಕು, ಮೂವರನ್ನು ಮುಟ್ಟಲೇಬಾರದು.

ಹೊಸ ಡೊಮೈನಿನಿಂದ ಮೊದಲ ದಿನವೇ 2,500 ಬೇಡ. ದಸರಾಕ್ಕೆ ಮೂರು ವಾರ ಮುಂಚೆ ಶುರುಮಾಡಿ. ಕಳೆದ ಆರು ತಿಂಗಳಲ್ಲಿ ಅಂಗಡಿಗೆ ಬಂದ 300 ಮಂದಿ ಮೊದಲು, ಎರಡು ಮೂರು ದಿನ ಬಿಟ್ಟು ನಂತರದ 500. ಹಿಂದಿರುಗಿದ ಪತ್ರ ನೂರಕ್ಕೆ ಎರಡು ದಾಟಿದರೆ ಅಲ್ಲಿಗೆ ನಿಲ್ಲಿಸಿ ಪಟ್ಟಿ ನೋಡಿ. ಎರಡು ವರ್ಷದಿಂದ ಬಾರದವರು ಕೊನೆಗಿರಲಿ. ಎಲ್ಲಕ್ಕೂ ಮೊದಲು ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳುಹಿಸಿ, ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಬಲಬದಿಯ ಮೂರು ಚುಕ್ಕೆಯೊಳಗಿನ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿದ್ದರೆ ಆ 300 ಮಂದಿಗೆ ಕಳುಹಿಸಿ.