ಸಂಪಾದಕರ ಉತ್ತರ: ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರದೆ ಉಳಿದ ಪದಕಗಳು

ಮಾನ್ಯರೇ,

ತಮ್ಮ ಪತ್ರವೂ ಜೊತೆಗಿಟ್ಟ ಜೆರಾಕ್ಸ್ ಪ್ರತಿಗಳೂ ತಲುಪಿವೆ. ಹೆಸರು ಪ್ರಕಟಿಸಬಾರದೆಂದು ತಾವು ಕೋರಿದ್ದರಿಂದ, ಇತರ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಧಾರವಾಡ ಜಿಲ್ಲೆಯವರಾದ ತಮ್ಮ ತಂದೆಯವರು 1960ರಲ್ಲಿ ಸೇನೆ ಸೇರಿ, ಸೇನೆಯ ಸರಬರಾಜು ಮತ್ತು ಸಾಗಣೆ ವಿಭಾಗವಾದ ಆರ್ಮಿ ಸರ್ವಿಸ್ ಕೋರಿನಲ್ಲಿ ಚಾಲಕರಾಗಿದ್ದು, 1975ರಲ್ಲಿ ಪಿಂಚಣಿಯೊಂದಿಗೆ ಬಿಡುಗಡೆಯಾದರು. 1961ರ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಹೊರಟ ಕಾನ್ವಾಯ್ ಜೊತೆ ಲಾರಿ ನಡೆಸಿಕೊಂಡು ಗೋವಾದೊಳಗೆ ಬಂದರು. 1971ರಲ್ಲಿ ಅಗರ್ತಲಾ ಕಡೆಯಿಂದ ಮುಂಚೂಣಿಗೆ ಮದ್ದುಗುಂಡು ಸಾಗಿಸಿದರು. ಆದರೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಅವರ ಸೇವಾ ಪುಸ್ತಕದ, ಅಂದರೆ ಡಿಸ್ಚಾರ್ಜ್ ಬುಕ್ಕಿನ, ಪದಕಗಳ ಅಂಕಣದಲ್ಲಿರುವುದು ಸಂಗ್ರಾಮ ಪದಕ ಮತ್ತು 9 ವರ್ಷಗಳ ದೀರ್ಘಸೇವಾ ಪದಕ ಮಾತ್ರ. ಈಗ ವಾಸ್ಕೋದಲ್ಲಿ ತಮ್ಮೊಡನಿರುವ ಅವರು, ಗೋವಾ ವಿಮೋಚನಾ ದಿನವಾದ ಡಿಸೆಂಬರ್ 19ರ ಧ್ವಜವಂದನೆಗೆ ಕರೆದರೆ ‘ನನ್ನ ಬುಕ್ಕಿನಲ್ಲಿ ಗೋವಾದ ಹೆಸರೇ ಇಲ್ಲ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಇಷ್ಟು ವರ್ಷಗಳ ನಂತರ ದಾಖಲೆ ತಿದ್ದಿಸಲು ಸಾಧ್ಯವೇ, ಯಾರಿಗೆ ಬರೆಯಬೇಕು, ಪುಣೆಯ ಅಂಗಡಿಯಿಂದ ಪದಕ ಕೊಂಡುತಂದು ಅವರಿಗೆ ತೊಡಿಸಿದರೆ ತಪ್ಪಾದೀತೇ ಎಂಬುದು ತಮ್ಮ ಪ್ರಶ್ನೆ.

ತಿದ್ದಿಸಲು ಸಾಧ್ಯವಿದೆ, ತಿದ್ದಿಸಲೇಬೇಕು. ಆದರೆ ತಾವು ಬರೆದಿಟ್ಟುಕೊಂಡಿರುವ ಅರ್ಜಿ ‘ನಮ್ಮ ತಂದೆಗೆ ಪದಕ ದಯಪಾಲಿಸಬೇಕು’ ಎಂದು ಆರಂಭವಾಗುತ್ತದೆ. ಆ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಗೋವಾ ಕಾರ್ಯಾಚರಣೆಗೆ ಸಲ್ಲುವುದು ರಿಬ್ಬನ್ನಿನ ಮೇಲೆ ‘ಗೋವಾ 1961’ ಎಂಬ ಲೋಹದ ಪಟ್ಟಿ (ಕ್ಲಾಸ್ಪ್) ಉಳ್ಳ ಜನರಲ್ ಸರ್ವಿಸ್ ಮೆಡಲ್. 1971ರ ಪೂರ್ವ ರಣಾಂಗಣಕ್ಕೆ ಸಲ್ಲುವುದು ಪೂರ್ವಿ ಸ್ಟಾರ್. ಇವು ಯಾರೋ ಮೆಚ್ಚಿ ಶಿಫಾರಸು ಮಾಡಿ ಕೊಡುವ ಶೌರ್ಯ ಪ್ರಶಸ್ತಿಗಳಲ್ಲ. ನಿಗದಿತ ವಲಯದಲ್ಲಿ, ನಿಗದಿತ ಅವಧಿಯಲ್ಲಿ ಕರ್ತವ್ಯದ ಮೇಲಿದ್ದವರಿಗೆಲ್ಲ ನಿಯಮದ ಪ್ರಕಾರವೇ ಸಲ್ಲುವಂಥವು. ಆದ್ದರಿಂದ ತಾವು ಕೇಳಬೇಕಾದದ್ದು ಪದಕವನ್ನಲ್ಲ, ದಾಖಲೆಯಲ್ಲಿ ಬಿಟ್ಟುಹೋಗಿರುವ ನಮೂದನ್ನು. ನಮೂದು ಸೇರಿದರೆ ಪದಕ ಅದರ ಹಿಂದೆಯೇ ಬರುತ್ತದೆ. ನಮೂದಿಲ್ಲದೆ ಎಂಥ ದೊಡ್ಡವರ ಶಿಫಾರಸು ಪತ್ರ ತಂದರೂ ಕಡತ ಮುಂದೆ ಸರಿಯುವುದಿಲ್ಲ.

ನಮೂದು ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಮ್ಮ ಅರ್ಜಿಯ ಬಲವೆಲ್ಲ ಅಲ್ಲಿದೆ. ಸಿಪಾಯಿಯ ಸೇವಾ ವಿವರಗಳೆಲ್ಲ ಇರುವ ಮೂಲ ಕಾಗದಕ್ಕೆ ಸೇನೆಯಲ್ಲಿ ಶೀಟ್ ರೋಲ್ ಎನ್ನುತ್ತಾರೆ. ಅದು ಆಯಾ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಬಿಡುಗಡೆಯ ದಿನ ಕೈಗೆ ಕೊಡುವ ಡಿಸ್ಚಾರ್ಜ್ ಬುಕ್ಕಿಗೆ ವಿವರಗಳು ಇಳಿಯುವುದು ಆ ಮೂಲದಿಂದಲೇ. ರಜೆ, ಬಡ್ತಿ, ಮದುವೆ, ಮಕ್ಕಳ ಜನನ, ವರ್ಗ, ಪದಕ ಹೀಗೆ ಶೀಟ್ ರೋಲಿಗೆ ಏನೇ ಸೇರಬೇಕಾದರೂ ಮೊದಲು ಯೂನಿಟ್ಟಿನಿಂದ ‘ಪಾರ್ಟ್ ಟೂ ಆರ್ಡರ್’ ಎಂಬ ಲಿಖಿತ ಆದೇಶ ಹೊರಡಬೇಕು. ಕಾರ್ಯಾಚರಣೆ ಮುಗಿದ ಮೇಲೆ ಅರ್ಹರ ಪಟ್ಟಿಯನ್ನು ಯೂನಿಟ್ ತಯಾರಿಸುವಾಗ ಒಬ್ಬ ಸಿಪಾಯಿ ಆಸ್ಪತ್ರೆಯಲ್ಲಿದ್ದರೆ, ಬೇರೆಡೆಗೆ ವರ್ಗವಾಗಿ ಹೋಗಿದ್ದರೆ, ಅಥವಾ ತನ್ನ ಕಂಪನಿ ಬಿಟ್ಟು ಇನ್ನೊಂದು ಯೂನಿಟ್ಟಿಗೆ ತಾತ್ಕಾಲಿಕವಾಗಿ ಲಗತ್ತಾಗಿ ದುಡಿಯುತ್ತಿದ್ದರೆ, ಅವನ ಹೆಸರು ಎರಡೂ ಪಟ್ಟಿಗಳಿಂದ ಜಾರಿಹೋಗಬಹುದು. ಲಾರಿ ಚಾಲಕರ ಪಾಡು ವಿಶೇಷವಾಗಿ ಹೀಗೆ. ಅವರ ವಾಹನ ಇಂದು ಒಂದು ಪಲ್ಟನ್ನಿನ ಹಿಂದೆ ಇದ್ದರೆ ನಾಳೆ ಇನ್ನೊಂದರ ಹಿಂದೆ. ತಮ್ಮ ತಂದೆಯವರು ಗೋವಾಕ್ಕೆ ಬರುವಾಗ ‘ಬೇರೆ ಕಂಪನಿಯವರ ಜೊತೆ ಕಳಿಸಿದ್ದರು’ ಎಂದು ತಾವು ಪತ್ರದ ಮೂರನೆಯ ಪುಟದಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅದೇ ಅತಿ ಮುಖ್ಯವಾದ ಸಾಲು. ಅರ್ಜಿಯಲ್ಲಿ ಅದು ಮೊದಲ ಪುಟಕ್ಕೆ ಬರಬೇಕು.

ಇನ್ನೊಂದು ಸಂಗತಿ ತಮ್ಮ ಗಮನಕ್ಕೆ ಬಂದಂತಿಲ್ಲ. ತಾವು ಎರಡು ಪದಕಗಳ ಬಗ್ಗೆ ಕೇಳಿದ್ದೀರಿ. ಬಿಟ್ಟುಹೋಗಿರುವುದು ಬಹುಶಃ ನಾಲ್ಕು. 1965ರ ಆಗಸ್ಟ್ 5ರಂದು ಸೇವೆಯಲ್ಲಿದ್ದು 180 ದಿನ ಪೂರೈಸಿದ್ದವರಿಗೆ ರಕ್ಷಾ ಪದಕ 1965 ಸಲ್ಲುತ್ತದೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ ಸಲ್ಲುತ್ತದೆ. ತಾವು ಕಳಿಸಿದ ಪ್ರತಿಯಲ್ಲಿ ಸೇರಿದ ದಿನಾಂಕವೂ ಬಿಡುಗಡೆಯ ದಿನಾಂಕವೂ ಮೊಹರಿನ ಕೆಳಗೆ ಸ್ಪಷ್ಟವಾಗಿ ಕಾಣುತ್ತಿವೆ. ಇವೆರಡು ಪದಕಗಳಿಗೆ ತಂದೆಯವರು ಎಲ್ಲಿದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲವಾದ್ದರಿಂದ ಆ ಎರಡು ದಿನಾಂಕಗಳೇ ಸಾಕಾದ ಸಾಕ್ಷಿ. ಹಾಗಾಗಿ ಅರ್ಜಿಯಲ್ಲಿ ಮೊದಲು ಇವನ್ನು ಕೇಳಿ, ಆಮೇಲೆ ಗೋವಾ ಮತ್ತು ಪೂರ್ವಿ ಸ್ಟಾರಿಗೆ ಬನ್ನಿ. ದಾಖಲೆ ಅಪೂರ್ಣವಾಗಿದೆ ಎಂಬುದು ಮೊದಲ ಎರಡರಲ್ಲೇ ಸಾಬೀತಾದರೆ, ಉಳಿದ ಎರಡನ್ನು ಪರಿಶೀಲಿಸುವ ಅಧಿಕಾರಿ ಅವನ್ನು ಮುದುಕರೊಬ್ಬರ ಮಸುಕಾದ ನೆನಪೆಂದು ಬದಿಗಿಡುವುದಿಲ್ಲ.

ಆ ಉಳಿದ ಎರಡಕ್ಕೆ, ಅಲ್ಲಿ ಇದ್ದರೆಂಬುದಕ್ಕೆ ಆಧಾರ ಬೇಕು. ತಾಯಿಯವರು ಕಾಪಾಡಿಟ್ಟಿದ್ದ 1971ರ ಇನ್‌ಲ್ಯಾಂಡ್ ಪತ್ರವನ್ನು ತಾವು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಕಳಿಸಿದವರ ವಿಳಾಸದಲ್ಲಿ ‘ಕೇರ್ ಆಫ್ 99 ಎ.ಪಿ.ಒ.’ ಎಂದಿದೆ. 99 ಎಂಬುದು ಪೂರ್ವ ವಲಯಕ್ಕೆ ಮೀಸಲಾದ ಸೇನಾ ಅಂಚೆಯ ಸಂಖ್ಯೆ. ಆದರೆ ಆ ವಲಯ ಬಹಳ ವಿಶಾಲವಾದದ್ದು. ಅದೊಂದರಿಂದ ಅಗರ್ತಲಾ ಸಾಬೀತಾಗುವುದಿಲ್ಲ. ಅದರ ಮೇಲಿನ ದುಂಡು ಮೊಹರಿನಲ್ಲಿರುವ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮತ್ತು ತಾರೀಖು ಅದಕ್ಕಿಂತ ಉಪಯುಕ್ತ. ಜೆರಾಕ್ಸಿನಲ್ಲಿ ಮೊಹರು ಕಪ್ಪಾಗಿ ಕೂತಿದೆ. ಮೂಲ ಪತ್ರವನ್ನು ಹಗಲು ಬೆಳಕಿನಲ್ಲಿಟ್ಟು ಮೊಹರಿನ ಹತ್ತಿರದ ಫೋಟೊ ತೆಗೆಸಿ ಅರ್ಜಿಗೆ ಲಗತ್ತಿಸಿ. ಮೂಲವನ್ನು ಮಾತ್ರ ಯಾವ ಕಚೇರಿಗೂ ಕೊಡಬೇಡಿ.

ಗೋವಾದ ವಿಷಯದಲ್ಲಿ ಕಾಗದವಿಲ್ಲವೆಂದು ತಾವು ನೊಂದಿದ್ದೀರಿ. ಕಾಗದವಿಲ್ಲದಿದ್ದರೂ ವಿವರವಿದೆಯಲ್ಲ! ಗೋವಾ ವಿಮೋಚನೆಯ ಸೇನಾ ಕಾರ್ಯಾಚರಣೆಯಾದ ಆಪರೇಷನ್ ವಿಜಯ್ ಡಿಸೆಂಬರ್ 17-18ರ ರಾತ್ರಿ ಶುರುವಾಗಿ 19ಕ್ಕೆ ಪೋರ್ಚುಗೀಸರ ಶರಣಾಗತಿಯೊಂದಿಗೆ ಮುಗಿಯಿತು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್ನೂ 50ನೇ ಪ್ಯಾರಾ ಬ್ರಿಗೇಡೂ ಅದರಲ್ಲಿದ್ದವು. ಪೋರ್ಚುಗೀಸರು ಸೇತುವೆಗಳನ್ನು ಸಿಡಿಸಿದ್ದರಿಂದ ವಾಹನಗಳು ನದಿಗಳ ದಡದಲ್ಲಿ ಕಾಯಬೇಕಾಯಿತು. ‘ಹೊಳೆಯ ಈಚೆ ದಂಡೆಯಲ್ಲಿ ಲಾರಿಯ ಕೆಳಗೆ ಮಲಗಿದ್ದೆವು, ದಾಟಲು ಬಿಟ್ಟಿದ್ದು ಮರುದಿನ’ ಎಂದು ತಂದೆಯವರು ಹೇಳುವ ಮಾತು ಇತಿಹಾಸಕ್ಕೆ ಸರಿಯಾಗಿ ಹೊಂದುತ್ತದೆ. ಯಾವ ಹೊಳೆ, ಲಾರಿಯಲ್ಲಿ ಏನು ಹೇರಿತ್ತು, ಯಾವ ಪಲ್ಟನ್ನಿನವರು ಮುಂದಿದ್ದರು, ಕಂಪನಿ ಕಮಾಂಡರ್ ಯಾರು, ಬೆಳಗಾವಿಗೆ ಮರಳಿದ್ದು ಯಾವಾಗ ಎಂಬುದನ್ನೆಲ್ಲ ಅವರಿಂದಲೇ ಹೇಳಿಸಿ ಬರೆದುಕೊಳ್ಳಿ. ನೆನಪಿಲ್ಲದ ತಾರೀಖನ್ನು ಪುಸ್ತಕ ನೋಡಿ ತುಂಬಬೇಡಿ. ‘ನೆನಪಿಲ್ಲ’ ಎಂದೇ ಬರೆಯಿರಿ. ಪರಿಶೀಲಿಸುವವರು ಇದನ್ನು ಯೂನಿಟ್ಟಿನ ಕಾಗದಗಳೊಂದಿಗೆ ಹೋಲಿಸುತ್ತಾರಾದ್ದರಿಂದ, ತುಂಬಿದ ಒಂದು ತಪ್ಪು ತಾರೀಖು ಉಳಿದ ಹತ್ತು ಸತ್ಯಗಳನ್ನು ಸಂಶಯಕ್ಕೆ ದೂಡುತ್ತದೆ. ಅಂದು ಜೊತೆಗಿದ್ದ ಸಂಗಾತಿಯೊಬ್ಬರು ಸಿಕ್ಕಿ, ಅವರ ಬುಕ್ಕಿನಲ್ಲಿ ಗೋವಾದ ನಮೂದಿದ್ದರೆ, ಅವರ ಸೇವಾ ಸಂಖ್ಯೆಯೊಂದಿಗಿನ ಹೇಳಿಕೆಗಿಂತ ದೊಡ್ಡ ಆಧಾರ ಬೇರೆ ಬೇಕಿಲ್ಲ.

ಅರ್ಜಿ ಹೋಗಬೇಕಾದದ್ದು ಬೆಂಗಳೂರಿನಲ್ಲಿರುವ ಆರ್ಮಿ ಸರ್ವಿಸ್ ಕೋರಿನ ರೆಕಾರ್ಡ್ ಆಫೀಸಿಗೆ. ದೆಹಲಿಗೆ ನೇರವಾಗಿ ಬರೆದರೂ ಅದು ಮರಳಿ ಅಲ್ಲಿಗೇ ಬರುತ್ತದೆ. ಒಂದು ಪ್ರತಿಯನ್ನು ಗೋವಾದ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸುವುದು ಒಳ್ಳೆಯದು. ಬುಕ್ಕಿನಲ್ಲಿ ತಂದೆಯವರ ಹೆಸರಿನ ಮುಂದೆ ಊರಿನ ಹೆಸರಿದೆ, ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರಿದೆ ಎಂದು ಚಿಂತಿಸಿದ್ದೀರಿ. ನಮ್ಮ ಕಡೆಯ ಸಿಪಾಯಿಗಳಲ್ಲಿ ಇದು ಸಾಮಾನ್ಯ. ಅರ್ಜಿಯಲ್ಲಿ ಬುಕ್ಕಿನಲ್ಲಿರುವಂತೆಯೇ ಹೆಸರನ್ನೂ, ಕೊನೆಯ ಅಕ್ಷರ ಬಿಡದೆ ಸೇವಾ ಸಂಖ್ಯೆಯನ್ನೂ ಬರೆದು, ಪಿಂಚಣಿ ಆದೇಶದ ಪ್ರತಿಯನ್ನು ಜೊತೆಗಿಡಿ.

ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ತಂದೆಯವರ ಹೆಸರಿನಲ್ಲೇ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಪದಕ ಏಕೆ ಕೊಟ್ಟಿಲ್ಲ’ ಎಂದು ಅದರಲ್ಲಿ ಕೇಳಬೇಡಿ. ಶೀಟ್ ರೋಲಿನ ದೃಢೀಕೃತ ಪ್ರತಿ ಮತ್ತು 1961-62, 1971-72ರ ಪಾರ್ಟ್ ಟೂ ಆರ್ಡರುಗಳಲ್ಲಿ ಅವರಿಗೆ ಸಂಬಂಧಿಸಿದ ನಮೂದುಗಳ ಪ್ರತಿ ಬೇಕೆಂದು ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ. ಕಾಗದಗಳಿದ್ದೂ ಲಿಖಿತವಾಗಿ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಗೋವಾ ಅದರ ಮುಂಬಯಿ ಪೀಠಕ್ಕೆ ಸೇರುತ್ತದೆ, ಅಂತಿಮ ಆದೇಶದಿಂದ 6 ತಿಂಗಳೊಳಗೆ ಹೋಗಬೇಕು. ಅಷ್ಟು ದೂರ ಹೋಗಬೇಕಾಗಲಾರದೆಂದು ನನ್ನ ನಂಬಿಕೆ.

ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಅಂಥವರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ಸಂಕ್ಷಿಪ್ತ ದಾಖಲೆ. ಅವರು ಲಾಂಗ್ ರೋಲಿನ ಉದ್ಧೃತವನ್ನೇ ಕೇಳಬೇಕು.

ಈ ಪದಕಗಳಿಂದ ಪಿಂಚಣಿ ಹೆಚ್ಚುವುದಿಲ್ಲ. ಮಾಸಿಕ ಭತ್ಯೆ ಇರುವುದು ಶೌರ್ಯ ಪ್ರಶಸ್ತಿಗಳಿಗೆ. ‘ಪಿಂಚಣಿ ಏರಿಸಿ ಪದಕವನ್ನೂ ಕೊಡಿಸುತ್ತೇನೆ’ ಎಂದು ಹಣ ಕೇಳಿದನೆಂದು ತಾವು ಬರೆದಿರುವ ಮಧ್ಯವರ್ತಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಅಂಗಡಿಯ ಪದಕದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದದ್ದು. ನಮೂದಾದ ಪದಕದ ಪ್ರತಿಕೃತಿಯನ್ನು ಮಾಜಿ ಸೈನಿಕರು ಕೊಳ್ಳುವುದು ಸರ್ವೇಸಾಮಾನ್ಯ. ಆದರೆ ನಮೂದಾಗುವ ಮೊದಲೇ ಕೊಂಡು ತೊಡಿಸಿದರೆ, ನಾಳೆ ಯಾರಾದರೂ ಬುಕ್ ತೋರಿಸಿ ಎಂದಾಗ ತಲೆತಗ್ಗಿಸಬೇಕಾಗುವುದು ಸುಳ್ಳಾಡದ ಆ ಹಿರಿಯರು. 15 ವರ್ಷ ದುಡಿದ ಮನುಷ್ಯನನ್ನು ಆ ಸ್ಥಿತಿಗೆ ಒಡ್ಡಬಾರದು. ಈ ಡಿಸೆಂಬರ್ 19ಕ್ಕೆ ಅವರು ಬುಕ್ಕಿನಲ್ಲಿರುವ ಎರಡು ಪದಕಗಳನ್ನೇ ತೊಟ್ಟು ಹೋಗಲಿ. ಅವೂ ಅವರು ದುಡಿದು ಗಳಿಸಿದವೇ.

ತಡಮಾಡಬೇಡಿ. ಅವರು ಇರುವಾಗ ಅವರದೇ ರುಜುವಿನಲ್ಲಿ ಹೋಗುವ ಅರ್ಜಿಗೆ ಇರುವ ತೂಕ ವಾರಸುದಾರರ ಅರ್ಜಿಗೆ ಬರುವುದಿಲ್ಲ. ಮೇಲಾಗಿ ಆ ಹೊಳೆಯ ಹೆಸರನ್ನು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ತಂದೆಯವರ ಹೇಳಿಕೆಯನ್ನು ಮಾತ್ರ ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದು, ಪ್ರತಿ ಪುಟಕ್ಕೂ ಅವರ ರುಜು ಹಾಕಿಸಿ, ಅನುವಾದವನ್ನು ಬೇರೆಯಾಗಿ ಲಗತ್ತಿಸಿ. ಅನುವಾದ ಕಷ್ಟವಾದರೆ ಕನ್ನಡದ ಹೇಳಿಕೆಯ ಪ್ರತಿಯನ್ನು ನಮಗೆ ಕಳಿಸಿ. ಆ ಕೆಲಸವನ್ನು ನಮ್ಮ ಕಚೇರಿಯಲ್ಲೇ ಮಾಡಿಕೊಡುತ್ತೇವೆ.

ಸಂಪಾದಕ