ಹೋಮ್ ಥಿಯೇಟರ್ ರಿಸೀವರ್ ಸಬ್‌ವೂಫರ್ (ಬಾಸ್ ನುಡಿಸುವ ಪೆಟ್ಟಿಗೆ) 18 ಅಡಿ ದೂರ ಇದೆ ಅಂತ ತಪ್ಪು ತೋರಿಸಿತು. ಟೇಪ್ ಹಿಡಿದು 11 ಅಂತ ತಿದ್ದಿದೆ. ಆದರೂ ಬಾಸ್ ಸಪ್ಪೆ. ಇನ್ನೂ ದೊಡ್ಡ ಸಬ್ ಕೊಳ್ಳಲೇ?

ಕೊಳ್ಳಬೇಡಿ. ಮೊದಲು ಆ 18ನ್ನು ವಾಪಸ್ ಹಾಕಿ. ರಿಸೀವರ್, ಅಂದರೆ ಎಲ್ಲ ಸ್ಪೀಕರುಗಳಿಗೂ ಸದ್ದು ಕಳಿಸುವ ಪೆಟ್ಟಿಗೆ, ತಪ್ಪು ತೋರಿಸಿಲ್ಲ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ನಿಮ್ಮಲ್ಲಿ 7 ಅಡಿ ವ್ಯತ್ಯಾಸ, ನನ್ನಲ್ಲೂ 7. ರಿಸೀವರ್ 17 ಅಂದಿತ್ತು, ಟೇಪು 10 ಅಂದಿತ್ತು, ನಾನು ಟೇಪನ್ನು ನಂಬಿದೆ. ಅದರಿಂದ ಒಂದೂವರೆ ವರ್ಷವೂ ಹೋಯಿತು, 32 ಸಾವಿರ ರೂಪಾಯಿಯೂ ಹೋಯಿತು.

ಧಾರವಾಡದಲ್ಲಿ ನಮ್ಮ ಮನೆಯ ಮಹಡಿ ಮೇಲೆ 14 ಅಡಿಗೆ 11 ಅಡಿಯ ಒಂದು ಕೋಣೆ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್, ನಾಲ್ಕೂ ಕಡೆ ಇಟ್ಟಿಗೆ ಗೋಡೆ. ವರ್ಷಗಟ್ಟಲೆ ದುಡ್ಡು ಕೂಡಿಸಿ 5.1 ಸಿಸ್ಟಮ್ ತಂದಿದ್ದೆ. ಮುಂದೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ನಡುವೆ ಸೆಂಟರ್, ಸೋಫಾದ ಅಕ್ಕಪಕ್ಕ ಎರಡು ಸರೌಂಡ್, ಟಿವಿ ಸ್ಟ್ಯಾಂಡಿನ ಎಡಕ್ಕೆ 10 ಇಂಚಿನ ಸಬ್. ಮೇ ತಿಂಗಳ ಒಂದು ಭಾನುವಾರ ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ, ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ಮೈಕ್ ಕೂರಿಸಿ ಕ್ಯಾಲಿಬ್ರೇಷನ್, ಅಂದರೆ ರಿಸೀವರೇ ಸ್ಪೀಕರುಗಳನ್ನು ಅಳೆದು ಹೊಂದಿಸಿಕೊಳ್ಳುವ ಪರೀಕ್ಷೆ, ಓಡಿಸಿದೆ. ಒಂದೊಂದೇ ಸ್ಪೀಕರ್ ಚುಂಯ್ ಚುಂಯ್ ಅಂದಿತು, ಕೊನೆಗೆ ಪರದೆಯ ಮೇಲೆ ದೂರದ ಪಟ್ಟಿ ಬಂತು.

ವಾರ್ಡ್‌ರೋಬ್ ಕೆಲಸಕ್ಕೆ ಬಂದ ಬಡಗಿ ಬಿಟ್ಟುಹೋಗಿದ್ದ ಟೇಪ್ ಮನೆಯಲ್ಲಿತ್ತು. ಮೈಕಿನ ತುದಿಯಿಂದ ಒಂದೊಂದೇ ಸ್ಪೀಕರಿಗೆ ಎಳೆದು ನೋಡಿದೆ. ಎಡ, ಬಲ, ಸೆಂಟರ್, ಸರೌಂಡ್, ಎಲ್ಲವೂ ಎರಡು ಮೂರು ಇಂಚಿನೊಳಗೆ ಸರಿಯಾಗಿ ಕೂತವು. ಸಬ್ ಮಾತ್ರ 17. ನಮ್ಮ ಕೋಣೆಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೂ 18 ಅಡಿ ಆಗುವುದಿಲ್ಲ. ಕಣ್ಣೆದುರಿಗೆ ಹತ್ತಡಿಯಲ್ಲಿ ಕೂತಿರುವ ಪೆಟ್ಟಿಗೆ 17 ಹೇಗಾದೀತು ಅಂತ 10 ಒತ್ತಿ ಸೇವ್ ಮಾಡಿದೆ.

ತಪ್ಪು ಆಗಿದ್ದು ಇಲ್ಲಿ. ಇದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಯಾರೂ ಬಿಡಿಸಿ ಹೇಳಲಿಲ್ಲ.

ರಿಸೀವರಿಗೆ ದೂರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಮಯ ಮಾತ್ರ. ಸದ್ದು ಕಳಿಸಿದ ಗಳಿಗೆಯಿಂದ ಮೈಕಿಗೆ ತಲುಪಿದ ಗಳಿಗೆಯವರೆಗೆ ಎಷ್ಟು ಹೊತ್ತಾಯಿತು ಅನ್ನುವುದನ್ನು ಅದು ಅಳೆಯುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ, ಅಂದರೆ ಒಂದು ಅಡಿಗೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಅಳೆದ ಹೊತ್ತನ್ನು ಈ ಲೆಕ್ಕದಲ್ಲಿ ಅಡಿಗೆ ತಿರುಗಿಸಿ ಪರದೆಗೆ ಹಾಕುತ್ತದೆ, ಅಷ್ಟೇ. ಸಾಮಾನ್ಯ ಸ್ಪೀಕರಿನೊಳಗೆ ಸದ್ದನ್ನು ತಡೆದಿಡುವಂಥದ್ದು ಹೆಚ್ಚೇನೂ ಇಲ್ಲ, ಆದ್ದರಿಂದ ಟೇಪೂ ರಿಸೀವರೂ ಒಂದೇ ಮಾತು ಹೇಳುತ್ತವೆ. ಸಬ್ ಹಾಗಲ್ಲ. ಅದರೊಳಗೆ ಅದರದೇ ಆಂಪ್ಲಿಫೈಯರ್ ಇದೆ, ಮೇಲಿನ ಸದ್ದು ಕತ್ತರಿಸುವ ಫಿಲ್ಟರ್ ಇದೆ, ಈಗಿನ ಎಷ್ಟೋ ಸಬ್‌ಗಳಲ್ಲಿ ಡಿಜಿಟಲ್ ಪ್ರೊಸೆಸರ್ ಕೂಡ ಇದೆ. ತಂತಿಯಲ್ಲಿ ಬಂದ ಸಿಗ್ನಲ್ ಇದನ್ನೆಲ್ಲ ದಾಟಿ ಕೋನ್ ಅಲುಗಾಡಿಸುವ ಹೊತ್ತಿಗೆ ಕೆಲವು ಮಿಲಿಸೆಕೆಂಡ್ ಕಳೆದಿರುತ್ತದೆ. ಆ ತಡವನ್ನು ಬರೆಯಲು ರಿಸೀವರಿಗೆ ಬೇರೆ ಕಾಲಮ್ ಇಲ್ಲ. ದೂರದ ಲೆಕ್ಕಕ್ಕೇ ಸೇರಿಸುತ್ತದೆ. 17 ಅಂದರೆ ‘ಈ ಪೆಟ್ಟಿಗೆಯ ಸದ್ದು 17 ಅಡಿ ದೂರದಿಂದ ಬಂದಷ್ಟು ತಡವಾಗಿ ಬರುತ್ತದೆ, ಹಾಗಾಗಿ ಉಳಿದವರನ್ನು ಅಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತೇನೆ’ ಅಂತ ಅರ್ಥ. ನಾನು 10 ಅಂತ ಬರೆದಾಗ ರಿಸೀವರ್ ಉಳಿದವರನ್ನು ನಿಲ್ಲಿಸಿಕೊಳ್ಳುವುದನ್ನು ಬಿಟ್ಟಿತು. ಸಬ್ 7 ಅಡಿಯಷ್ಟು, ಅಂದರೆ ಆರು ಮಿಲಿಸೆಕೆಂಡಿಗಿಂತ ತುಸು ಹೆಚ್ಚು, ಹಿಂದೆ ಬಿತ್ತು.

ಆರು ಮಿಲಿಸೆಕೆಂಡ್ ಏನು ಮಹಾ ಅನ್ನಬೇಡಿ. ಕ್ರಾಸ್‌ಓವರ್, ಅಂದರೆ ಕೆಳಗಿನ ಸದ್ದನ್ನು ಸಬ್ಬಿಗೂ ಮೇಲಿನದನ್ನು ಉಳಿದ ಸ್ಪೀಕರುಗಳಿಗೂ ಹಂಚುವ ಗಡಿ, 80 ಹರ್ಟ್ಸ್ (ಸೆಕೆಂಡಿಗೆ 80 ಕಂಪನ) ಇತ್ತು. 80 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 14 ಅಡಿ, ಅದರ ಅರ್ಧ 7 ಅಡಿ. ಸ್ಪೀಕರ್ ಗಾಳಿಯನ್ನು ಮುಂದಕ್ಕೆ ನೂಕುವಾಗ ಸಬ್ಬಿನ ಅಲೆ ಹಿಂದಕ್ಕೆ ಎಳೆಯುತ್ತದೆ. ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟುತ್ತಾರಲ್ಲ, ಜೀಕುವವರ ಹಿಂದೆ ಇಬ್ಬರು ನಿಂತು ನೂಕುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರೂ ಒಂದೇ ಹೊತ್ತಿಗೆ ನೂಕಿದರೆ ಜೋಕಾಲಿ ಮಾವಿನ ಟೊಂಗೆ ಮುಟ್ಟುತ್ತದೆ. ಒಬ್ಬ ನೂಕುವಾಗ ಇನ್ನೊಬ್ಬ ಹಗ್ಗ ಹಿಡಿದು ಜಗ್ಗಿದರೆ ಅದು ನಿಂತುಬಿಡುತ್ತದೆ. ಜಗ್ಗುವವನಿಗೆ ಹೆಚ್ಚು ಬಲ ಕೊಟ್ಟರೆ ಜೋಕಾಲಿ ಮೇಲೇಳುತ್ತದೆಯೇ? ನಾನು ಮುಂದೆ ಮಾಡಲು ಹೊರಟಿದ್ದು ಅದನ್ನೇ.

ತಪ್ಪು ಇಷ್ಟು ದಿನ ಗೊತ್ತಾಗದೆ ಉಳಿಯಲು ಒಂದು ಕಾರಣವಿತ್ತು. ಸಿನಿಮಾದ ಬಾಂಬು, ಗುಡುಗು ಎಲ್ಲ ಚೆನ್ನಾಗಿಯೇ ಕೇಳಿಸುತ್ತಿದ್ದವು. 30, 35 ಹರ್ಟ್ಸಿನಲ್ಲಿ ಸಬ್ ಒಂದೇ ನುಡಿಯುತ್ತದೆ, ಎದುರು ನಿಲ್ಲಲು ಇನ್ನೊಂದು ಸ್ಪೀಕರ್ ಅಲ್ಲಿಲ್ಲ. ಎರಡೂ ಹೆಚ್ಚುಕಡಿಮೆ ಸಮವಾಗಿ ನುಡಿಯುವುದು 80ರ ಆಸುಪಾಸಿನಲ್ಲಿ. ಡ್ರಮ್ಮಿನ ಏಟು, ಬಾಗಿಲು ಧಡ್ ಅನ್ನುವ ಸದ್ದು, ಗಂಡಸರ ದನಿಯ ಎದೆಯ ಭಾಗ, ಇವೆಲ್ಲ ಅಲ್ಲೇ ಅದರ ಸುತ್ತ ಇರುತ್ತವೆ. ನೆಲ ನಡುಗುತ್ತದೆ, ಆದರೆ ಏಟು ಎದೆಗೆ ತಾಗುವುದಿಲ್ಲ. ನೀವು ‘ಸಪ್ಪೆ’ ಅಂತ ಬರೆದಿರುವುದೂ ಇದೇ ಅಂತ ನನಗೆ ಅನುಮಾನವಿಲ್ಲ.

ಇದನ್ನು ಮೊದಲು ಹಿಡಿದದ್ದು ನಮ್ಮವ್ವ. ಡೊಳ್ಳು ಕುಣಿತದ ಒಂದು ಒಳ್ಳೆಯ ರೆಕಾರ್ಡಿಂಗ್ ಹಾಕಿದ್ದೆ. ಎರಡು ನಿಮಿಷ ಕೇಳಿ, ‘ಡೊಳ್ಳು ಬಡದಂಗ ಅನ್ಸೂದಿಲ್ಲಲ್ಲೋ ತಮ್ಮಾ, ತಗಡು ಬಡದಂಗ ಐತಿ’ ಅಂದಳು. ಅವಳು ಡೊಳ್ಳಿನ ಮೇಳ ಇರುವ ಊರಲ್ಲಿ ಬೆಳೆದವಳು. ನಾನು ಆ ಮಾತನ್ನು ಕಿವಿಗೆ ಹಾಕಿಕೊಂಡು ಸಬ್ಬಿನ ವಾಲ್ಯೂಮ್ ಏರಿಸಿದೆ. ಮೂರು ಡೆಸಿಬಲ್, ಐದು, ಎಂಟು. ಡೊಳ್ಳು ತಗಡಾಗಿಯೇ ಉಳಿಯಿತು, ಶೋಕೇಸಿನ ಗಾಜು ಮಾತ್ರ ಜುಂ ಅಂದಿತು. 14 ಅಡಿ ಉದ್ದದ ಕೋಣೆ 40 ಹರ್ಟ್ಸಿಗೆ ತಾನಾಗಿಯೇ ಮೊಳಗುತ್ತದೆ. ಅಲ್ಲಿಗೆ ನಾನು ಎಂಟು ಡೆಸಿಬಲ್ ಸುರಿಯುತ್ತಿದ್ದೆ. ಕೆಳಗಿನ ಬಾಡಿಗೆಯವರು ಒಂದು ರಾತ್ರಿ ಮೆಟ್ಟಿಲು ಹತ್ತಿ ಬಂದು, ‘ಕೂಸು ಎದ್ದು ಎದ್ದು ಅಳಾಕತ್ತೇತ್ರಿ ಸರ’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಂಗಡಿಯಲ್ಲಿ ಕೇಳಿದಾಗ ‘ಸಬ್ ಸಣ್ಣದಾಯಿತು, 12 ಇಂಚು ಹಾಕಿ’ ಅಂದರು. ಹಳೆಯದನ್ನು ಅರ್ಧ ಬೆಲೆಗೆ ಮಾರಿ 12 ಇಂಚಿನದು ತಂದೆ. ಮತ್ತೆ ಕ್ಯಾಲಿಬ್ರೇಷನ್. ರಿಸೀವರ್ ಈ ಸಲ ಹದಿನಾರೂವರೆ ಅಂದಿತು. ಜಾಗ ಅದೇ, ದೂರ ಅದೇ, ಸಬ್ ಬೇರೆ, ಸಂಖ್ಯೆಯೂ ಬೇರೆ. ಜಾಗ ಬದಲಾಗದೆ ದೂರ ಬದಲಾಗುವುದು ಹೇಗೆ ಅಂತ ಒಂದು ಕ್ಷಣ ಯೋಚಿಸಿದ್ದರೂ ಉತ್ತರ ಅಲ್ಲೇ ಇತ್ತು. ಯೋಚಿಸಲಿಲ್ಲ. ‘ಈ ಮಶೀನಿಗೆ ಸಬ್ ಅಳೆಯಲು ಬರುವುದಿಲ್ಲ’ ಅಂದುಕೊಂಡು ಮತ್ತೆ 10 ಒತ್ತಿದೆ. 12 ಇಂಚಿನ ಸಬ್ಬೂ ತಗಡೇ ಬಡಿಯಿತು.

ಕೊನೆಗೆ ಬಂದದ್ದು ಆಫೀಸಿನ ಒಬ್ಬ ಹುಡುಗ. ಅವನ ಬಳಿ ಯುಎಸ್‌ಬಿ ಮೈಕ್ ಇತ್ತು, ಲ್ಯಾಪ್‌ಟಾಪಿನಲ್ಲಿ ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಉಚಿತ ತಂತ್ರಾಂಶ. ಸೋಫಾದ ನಡುವೆ ಮೈಕ್ ನಿಲ್ಲಿಸಿ ಮೊದಲು ಎಡ ಸ್ಪೀಕರ್ ಒಂದನ್ನೇ ಅಳೆದ, ಗೆರೆ ಚೆನ್ನಾಗಿ ಬಂತು. ಸಬ್ ಒಂದನ್ನೇ ಅಳೆದ, ಅದೂ ಚೆನ್ನಾಗಿತ್ತು. ಎರಡನ್ನೂ ಸೇರಿಸಿ ಅಳೆದಾಗ 80ರ ಹತ್ತಿರ ಬಾವಿ ತೋಡಿದಂತೆ ಗೆರೆ 13 ಡೆಸಿಬಲ್ ಕೆಳಗಿಳಿಯಿತು. ಇಬ್ಬರೂ ಸೇರಿ ಒಬ್ಬರಿಗಿಂತ ಕಡಿಮೆ. ಅವನು ಪರದೆಯಿಂದ ತಲೆ ಎತ್ತದೆ, ‘ಸರ್, ಡಿಸ್ಟನ್ಸ್ ಏನಾದ್ರೂ ಮುಟ್ಟೀರೇನ್ರಿ?’ ಅಂತ ಕೇಳಿದ. ನಾನು ಹೆಮ್ಮೆಯಿಂದಲೇ ‘ಹೌದು, ಟೇಪ್ ಹಿಡಿದು ಸರಿ ಮಾಡೇನಿ’ ಅಂದೆ. ಅವನು ಏನೂ ಅನ್ನಲಿಲ್ಲ. ರಿಮೋಟ್ ಈಸಿಕೊಂಡು 10 ಇದ್ದುದನ್ನು 12 ಮಾಡಿ ಅಳೆದ, 14 ಮಾಡಿ ಅಳೆದ, 16 ಮಾಡಿ ಅಳೆದ. ಪ್ರತಿ ಸಲವೂ ಬಾವಿ ತುಂಬುತ್ತಾ ಬಂತು. 17ಕ್ಕೆ ಬಂದಾಗ ಅಲ್ಲಿ ಬಾವಿ ಇತ್ತು ಅನ್ನುವ ಗುರುತೇ ಇರಲಿಲ್ಲ. ರಿಸೀವರ್ ಹೇಳಿದ್ದ ಹದಿನಾರೂವರೆಗೂ ನಿಜಕ್ಕೂ ಅರ್ಧ ಅಡಿ ವ್ಯತ್ಯಾಸ, ನಾನು ತಿದ್ದಿದ್ದಕ್ಕೂ ನಿಜಕ್ಕೂ 7 ಅಡಿ. ಆ ಸಂಜೆ ಸಬ್ಬಿನ ವಾಲ್ಯೂಮನ್ನು ಎಂಟು ಡೆಸಿಬಲ್ ಇಳಿಸಿ ಅದೇ ಡೊಳ್ಳು ಹಾಕಿದೆ. ಅವ್ವ ಕೆಳಗಿನಿಂದಲೇ ‘ಈಗ ಬಂತು ನೋಡು’ ಅಂತ ಕೂಗಿದಳು.

ಈಗ ನಿಮ್ಮ ವಿಷಯ. 18 ವಾಪಸ್ ಹಾಕುವ ಮುನ್ನ ಸಬ್ಬಿನ ಹಿಂದಿನ ಗುಂಡಿಗಳನ್ನು ನೋಡಿ. ಅದರ ಸ್ವಂತ ಕ್ರಾಸ್‌ಓವರ್ ಗುಂಡಿ ಪೂರ್ತಿ ಮೇಲಕ್ಕೆ ಇರಬೇಕು, ಇಲ್ಲ ಎಲ್‌ಎಫ್‌ಇ (ರಿಸೀವರ್ ಕಳಿಸಿದ ಬಾಸನ್ನು ಕತ್ತರಿಸದೆ ಬಿಡುವ ಸ್ಥಾನ) ಕಡೆಗೆ ಇರಬೇಕು. ಕತ್ತರಿಸುವ ಕೆಲಸ ರಿಸೀವರಿನದು. ಎರಡು ಕಡೆ ಕತ್ತರಿಸಿದರೆ ತಡವೂ ಹೆಚ್ಚು, ಗೊಂದಲವೂ ಹೆಚ್ಚು. ಅಲೆಯನ್ನು ತಿರುಗಿಸುವ ಫೇಸ್ ಗುಂಡಿ ಸೊನ್ನೆಯಲ್ಲಿರಲಿ. ಇವುಗಳಲ್ಲಿ ಯಾವುದನ್ನಾದರೂ ಈಗ ಬದಲಿಸಿದರೆ ಹಳೆಯ 18ಕ್ಕೆ ಬೆಲೆ ಇಲ್ಲ, ಕ್ಯಾಲಿಬ್ರೇಷನ್ ಮತ್ತೆ ಮೊದಲಿನಿಂದ ಮಾಡಲೇಬೇಕು. ಮಾಡುವಾಗ ಫ್ಯಾನ್ ಆಫ್, ಕುಕ್ಕರ್ ಒಲೆಯ ಮೇಲೆ ಇಲ್ಲ, ಮೈಕ್ ಸೋಫಾದ ಬೆನ್ನಿಗೆ ಒರಗಿಲ್ಲ. ಎಷ್ಟೋ ಸಿಸ್ಟಮ್‌ಗಳು ದೂರವನ್ನೂ ಮಟ್ಟವನ್ನೂ ಮೊದಲ ಮೈಕ್ ಜಾಗದಿಂದಲೇ ಲೆಕ್ಕ ಹಾಕುತ್ತವೆ, ಆದ್ದರಿಂದ ಮೊದಲ ಜಾಗ ನೀವು ಕೂರುವ ಜಾಗವೇ ಆಗಿರಲಿ. ಮುಗಿದ ಮೇಲೆ ಮುಂದಿನ ಸ್ಪೀಕರುಗಳು ‘ಲಾರ್ಜ್’ (ಆಳದ ಬಾಸನ್ನೂ ತಾವೇ ನುಡಿಸುವ ಆಯ್ಕೆ) ಆಗಿದ್ದರೆ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ 80ಕ್ಕೆ ಹಾಕಿ. ಬುಕ್‌ಶೆಲ್ಫ್ ಸ್ಪೀಕರಿನಿಂದ ಆಳದ ಬಾಸ್ ಕೇಳುವುದು ನ್ಯಾಯವಲ್ಲ.

ಟೇಪ್ ಬಿಸಾಡಬೇಡಿ, ಉಳಿದ ಸ್ಪೀಕರುಗಳಿಗೆ ಅದು ಬೇಕು. ಅವುಗಳಲ್ಲಿ ಯಾವುದಾದರೂ ಒಂದೆರಡು ಅಡಿಗಿಂತ ಹೆಚ್ಚು ತಪ್ಪು ತೋರಿಸಿದರೆ ಮೈಕಿಗೆ ಗೋಡೆಯ ಪ್ರತಿಧ್ವನಿ ಬಿದ್ದಿರಬಹುದು, ಮತ್ತೆ ಅಳೆಯಿರಿ. ಅಲ್ಲಿ ಉದಾಸೀನ ಬೇಡ, ಏಕೆಂದರೆ ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ಕಿವಿ ಮೊದಲು ಬಂದ ಕಡೆಯನ್ನೇ ದಿಕ್ಕು ಅಂತ ಹಿಡಿಯುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದರ ಮೇಲೆಯೇ ತಮ್ಮ ಡಾಕ್ಟರೇಟ್ ಪ್ರಬಂಧ ಬರೆದರು. ಪಕ್ಕದ ಸರೌಂಡ್ ಮುಂಚೆ ಬಂದರೆ ಇಡೀ ದೃಶ್ಯ ಆ ಕಡೆಗೆ ವಾಲುತ್ತದೆ.

ಸಬ್ಬಿಗೆ ಮೈಕ್, ಲ್ಯಾಪ್‌ಟಾಪ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. 80 ಹರ್ಟ್ಸಿನ ಒಂದೇ ಸಮನೆ ನುಡಿಯುವ ಟೋನ್ ಸಣ್ಣ ವಾಲ್ಯೂಮಿನಲ್ಲಿ ಹಾಕಿ, ಎಡ ಸ್ಪೀಕರ್ ಮತ್ತು ಸಬ್ ಎರಡೂ ನುಡಿಯಲಿ. ಫೋನಿನಲ್ಲಿ ಸದ್ದು ಅಳೆಯುವ ಆಪ್ ತೆರೆದು ಕೂರುವ ಜಾಗದಲ್ಲಿ ಅಲುಗಾಡದಂತೆ ಇಡಿ. ಫೋನಿನ ಸಂಖ್ಯೆ ನಿಖರವಾಗಿರುವುದಿಲ್ಲ, ಆದರೆ ಏರಿತೋ ಇಳಿಯಿತೋ ತಿಳಿಯಲು ಅಷ್ಟು ಸಾಕು. ಈಗ ಸಬ್ಬಿನ ಫೇಸ್ 180 ಮಾಡಿ. ಆಗ ಸಬ್ಬಿನ ಅಲೆ ತಲೆಕೆಳಗಾಗುತ್ತದೆ, ಸಮಯ ಸರಿಯಾಗಿ ಕೂಡಿದಾಗ ಸ್ಪೀಕರೂ ಸಬ್ಬೂ ಒಂದನ್ನೊಂದು ಅಳಿಸುತ್ತವೆ. ದೂರವನ್ನು 18ರಿಂದ ಅರ್ಧರ್ಧ ಅಡಿ ಆಚೀಚೆ ಸರಿಸುತ್ತಾ ಸದ್ದು ತೀರಾ ಕುಗ್ಗುವ ಸಂಖ್ಯೆ ಹುಡುಕಿ. ಅದು ಸಿಕ್ಕ ಮೇಲೆ ಫೇಸ್ ವಾಪಸ್ ಸೊನ್ನೆಗೆ ತನ್ನಿ. ಸದ್ದು ಗರಿಷ್ಠವಾಗುವ ಜಾಗ ಹುಡುಕುವುದಕ್ಕಿಂತ ಇದು ಸುಲಭ, ಏಕೆಂದರೆ ತುದಿ ಚಪ್ಪಟೆಯಾಗಿರುತ್ತದೆ, ಕುಳಿ ಚೂಪಾಗಿರುತ್ತದೆ. 18ರಿಂದ ಮೂರು ಅಡಿಗಿಂತ ಹೆಚ್ಚು ಆಚೀಚೆ ಸರಿಸಬೇಡಿ.

ಇದೆಲ್ಲ ಆದ ಮೇಲೆ ಮಟ್ಟ. ರಿಸೀವರಿನ ಟೆಸ್ಟ್ ಟೋನ್ ಹಾಕಿ, ಮೀಟರನ್ನು ಸಿ ವೆಯ್ಟಿಂಗ್ (ಬಾಸನ್ನೂ ಲೆಕ್ಕಕ್ಕೆ ಹಿಡಿಯುವ ಆಯ್ಕೆ), ಸ್ಲೋದಲ್ಲಿ ಇಟ್ಟು ಎಲ್ಲ ಸ್ಪೀಕರುಗಳನ್ನು 75 ಡೆಸಿಬಲ್‌ಗೆ ತರುವುದು ರೂಢಿ. ಸಬ್ಬನ್ನು ಅದರ ಮೇಲೆ ಎರಡು ಮೂರು ಡೆಸಿಬಲ್ ಏರಿಸಿಕೊಂಡರೆ ತಪ್ಪಿಲ್ಲ, ನಾನೂ ಏರಿಸಿದ್ದೇನೆ. ಆದರೆ ಸಮಯ ಕೂಡುವ ಮುನ್ನ ಏರಿಸಬಾರದು.

ಅಂಗಡಿಗೆ ಕೊಟ್ಟ ಮುಂಗಡ ಇದ್ದರೆ ನಾಳೆಯೇ ವಾಪಸ್ ಕೇಳಿ. ನೀವು ಕ್ರಾಸ್‌ಓವರ್ ಎಷ್ಟಿಟ್ಟಿದ್ದೀರಿ, ಸಬ್ ಯಾವ ಮಾಡೆಲ್ ಅಂತ ಬರೆದಿಲ್ಲ. ಕ್ರಾಸ್‌ಓವರ್ 100 ಆಗಿದ್ದರೆ ಟೋನೂ 100ರದ್ದೇ ಬೇಕು. ಕುಳಿ ಸಿಕ್ಕ ಸಂಖ್ಯೆಯ ಜೊತೆ ಅದನ್ನೂ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.