ಹಲ್ಲು ಸವೆಯುವುದು ಬ್ರಷ್ಷಿನಿಂದಲೋ, ಪೇಸ್ಟಿನಿಂದಲೋ?

ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 62 ವರ್ಷ. ಮೊದಲಿನಿಂದಲೂ ‘ಹಾರ್ಡ್’ ಎಂದು ನಮೂದಿಸಿರುವ ಬ್ರಷ್ಷನ್ನೇ ಬಳಸುತ್ತಿದ್ದೇನೆ. ಮೆತ್ತನೆಯದರಲ್ಲಿ ಉಜ್ಜಿದರೆ ಉಜ್ಜಿದಂತೆಯೇ ಅನ್ನಿಸುವುದಿಲ್ಲ. ಈಚೆಗೆ ಎಡಭಾಗದ ಮೇಲಿನ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಗಟ್ಟಿ ಬ್ರಷ್ಷು ಎನಾಮಲ್ಲನ್ನು ಕೆರೆದು ಹಾಕಿತೇ, ಡಾಕ್ಟರೇ?
— ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ಬ್ರಷ್ಷಿನ ಪಾಲು ಇದರಲ್ಲಿ ಇದೆ, ಆದರೆ ತಾವು ಊಹಿಸಿದ ರೀತಿಯಲ್ಲಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದ ಲೆಕ್ಕದಲ್ಲಿ ಅದರ ನೂರಕ್ಕೆ ಸುಮಾರು 96 ಭಾಗ ಖನಿಜವೇ. ಬ್ರಷ್ಷಿನ ನೈಲಾನ್ ಎಳೆ ಅದಕ್ಕಿಂತ ಬಹಳ ಮೆದು. ಬರೀ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಆರೋಗ್ಯವಾದ ಎನಾಮಲ್ಲನ್ನು ಉಜ್ಜಿದರೆ ಆಗುವ ಸವೆತ ಲೆಕ್ಕಕ್ಕೆ ಹಿಡಿಯುವಷ್ಟಿರುವುದಿಲ್ಲ. ಸವೆಸುವುದು ಪೇಸ್ಟಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಹೈಡ್ರೇಟೆಡ್ ಸಿಲಿಕಾದಂತಹ ಸಣ್ಣ ಕಣಗಳು. ಹಿಂದೆ ನಾರಿಗೆ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಾಗ ಕಿಲುಬನ್ನು ತೆಗೆಯುತ್ತಿದ್ದುದು ಬೂದಿ, ಅದನ್ನು ಹಿಡಿದು ಒತ್ತುತ್ತಿದ್ದುದು ನಾರು. ಬಾಯಿಯಲ್ಲೂ ಬ್ರಷ್ಷಿನ ಕೆಲಸ ಇಷ್ಟೇ. ಹೀಗಾಗಿ ಬ್ರಷ್ಷಿನ ವಿನ್ಯಾಸದ ಬಗ್ಗೆ ಕೇಳಬೇಕಾದ ಪ್ರಶ್ನೆ, ಅದು ಆ ಕಣಗಳನ್ನು ಎಲ್ಲಿ, ಎಷ್ಟು ಬಲದಿಂದ ಒತ್ತುತ್ತದೆ ಎಂಬುದು.

ತಮ್ಮ ಕಚ್ಚು ಬಿದ್ದಿರುವ ಜಾಗವನ್ನೇ ಗಮನಿಸಿ. ಅಗಿಯುವ ಹಲ್ಲಿನ ತುದಿಯಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ದಪ್ಪವಿರುವ ಎನಾಮಲ್, ವಸಡಿನ ಬಳಿಗೆ ಬರುವಷ್ಟರಲ್ಲಿ ತೆಳುವಾಗುತ್ತಾ ಮುಗಿದೇ ಹೋಗುತ್ತದೆ. ಅಲ್ಲಿಂದಾಚೆಗಿನ ಬೇರಿನ ಭಾಗದಲ್ಲಿ ಮುಖ್ಯವಾಗಿರುವುದು ಡೆಂಟಿನ್ ಎಂಬ ಒಳಪದರ. ಅದು ಎನಾಮಲ್ಲಿಗಿಂತ ಎಷ್ಟೋ ಮೆದು. ಗಟ್ಟಿ ಬ್ರಷ್ಷನ್ನು ಅಡ್ಡಡ್ಡಲಾಗಿ ಎಳೆದಾಡಿದಾಗ ಮೊದಲು ಪೆಟ್ಟು ತಿನ್ನುವುದು ವಸಡು. ವಸಡು ಹಿಂದೆ ಸರಿದು ಬೇರು ಬಯಲಾದ ಮೇಲೆ, ಎನಾಮಲ್ಲಿಗೆ ಹೆಚ್ಚೇನೂ ಮಾಡದ ಅದೇ ಪೇಸ್ಟು ಡೆಂಟಿನ್ನನ್ನು ವರ್ಷಗಟ್ಟಲೆ ಕೊರೆಯುತ್ತದೆ. ಬಲಗೈಯಲ್ಲಿ ಉಜ್ಜುವವರಿಗೆ ಇಂಥ ಕಚ್ಚು ಎಡಭಾಗದ ಕೋರೆಹಲ್ಲಿನ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಕೈಯ ಬಲ ಹೆಚ್ಚು ಬೀಳುವುದೇ ಅಲ್ಲಿ. ಹುಳಿ ಪದಾರ್ಥಗಳು ಮತ್ತು ರಾತ್ರಿ ಹಲ್ಲು ಕಡಿಯುವ ಅಭ್ಯಾಸವೂ ಇದರಲ್ಲಿ ಸೇರಿಕೊಂಡಿರಬಹುದು. ಹಲ್ಲು ಕಡಿಯುವುದರ ಪಾತ್ರ ಎಷ್ಟೆಂಬುದರಲ್ಲಿ ದಂತವೈದ್ಯರಲ್ಲೇ ಒಮ್ಮತವಿಲ್ಲ.

ಇನ್ನು ವಿನ್ಯಾಸದ ಮಾತು. ಮೃದು ಬ್ರಷ್ಷಿನ ಎಳೆಯ ದಪ್ಪ ಸಾಮಾನ್ಯವಾಗಿ 0.15ರಿಂದ 0.2 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಎಳೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ ಮತ್ತು ಉದ್ದದ ಮೂರನೆಯ ಘಾತದಂತೆ ಇಳಿಯುತ್ತದೆ. ಆದ್ದರಿಂದ ಉದ್ದ ಅಷ್ಟೇ ಇದ್ದು ದಪ್ಪ 0.2ರಿಂದ 0.25ಕ್ಕೆ ಏರಿದರೆ ಬಿಗಿ ಸುಮಾರು 2.4 ಪಟ್ಟಾಗುತ್ತದೆ, ದಪ್ಪ ಅಷ್ಟೇ ಇದ್ದು ಎಳೆಯನ್ನು 12 ಮಿಲಿಮೀಟರಿನಿಂದ 10ಕ್ಕೆ ಕತ್ತರಿಸಿದರೂ 1.7 ಪಟ್ಟಾಗುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಬ್ರಷ್ಷುಗಳು ಬಾಯಿಯಲ್ಲಿ ಬೇರೆಬೇರೆಯಾಗಿ ವರ್ತಿಸುವುದು ಇದರಿಂದಲೇ.

ಹಾಗೆಂದು ‘ಸಾಫ್ಟ್’ ಎಂಬ ಪದವೊಂದನ್ನೇ ನಂಬಿ ನಿರಾಳವಾಗುವಂತಿಲ್ಲ. ತೆಳುವಾದ ಒತ್ತೊತ್ತು ಎಳೆಗಳು ಪೇಸ್ಟನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ, ಬಾಗಿದಾಗ ಹಲ್ಲಿನ ಮೇಲೆ ಹೆಚ್ಚು ಜಾಗಕ್ಕೆ ತಾಗುತ್ತವೆ. ಪ್ರಯೋಗಾಲಯದ ಕೆಲವು ಪರೀಕ್ಷೆಗಳಲ್ಲಿ ಮೃದು ಬ್ರಷ್ಷು ಡೆಂಟಿನ್ನನ್ನು ಗಟ್ಟಿ ಬ್ರಷ್ಷಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ ಸವೆಸಿದ್ದೂ ಉಂಟು. ಆದರೂ ನಾನು ರೋಗಿಗಳಿಗೆ ಮೃದುವಾದದ್ದನ್ನೇ ಬರೆದುಕೊಡುತ್ತೇನೆ, ಏಕೆಂದರೆ ವಸಡು ಉಳಿದರೆ ಬೇರು ಬಯಲಾಗುವ ಪ್ರಮೇಯವೇ ಕಡಿಮೆ. ಜೊತೆಗೆ ‘ವೈಟ್ನಿಂಗ್’ ಪೇಸ್ಟನ್ನು ತಾವು ಬಳಸುತ್ತಿದ್ದರೆ ಬಿಡುವುದು ಒಳ್ಳೆಯದು. ಪೇಸ್ಟಿನ ಸವೆಸುವ ಗುಣವನ್ನು ಆರ್‌ಡಿಎ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದರ ಮಿತಿ 250. ಆದರೆ ಆ ಅಂಕಿಯನ್ನು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಜುಮ್ಮೆನ್ನುವ ಹಲ್ಲಿಗೆಂದೇ ತಯಾರಿಸಿದ ಪೇಸ್ಟುಗಳಲ್ಲಿ ಹಲವು ಸೌಮ್ಯವಾಗಿರುತ್ತವೆ. ಬಟಾಣಿ ಕಾಳಿನಷ್ಟು ಸಾಕು, ಜಾಹೀರಾತಿನಲ್ಲಿ ತೋರಿಸುವಂತೆ ಉದ್ದಕ್ಕೂ ಹಚ್ಚಬೇಕಿಲ್ಲ.

ಕೈಯ ಬಲವನ್ನು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬ್ರಷ್ಷಿನ ತಲೆಯನ್ನು ತಟ್ಟೆಯ ಮೇಲಿಟ್ಟು, ತಾವು ದಿನವೂ ಉಜ್ಜುವಷ್ಟೇ ಒತ್ತಿ ನೋಡಿ. 150ರಿಂದ 200 ಗ್ರಾಂ ತೋರಿಸಿದರೆ ಅಷ್ಟು ಸಾಕು. ಗಟ್ಟಿ ಬ್ರಷ್ಷಿಗೆ ಒಗ್ಗಿದವರು ತಮಗೇ ಗೊತ್ತಿಲ್ಲದೆ ಇದನ್ನು ಬಹುದೂರ ದಾಟಿರುತ್ತಾರೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿದರೆ ಬಲ ತಾನಾಗಿ ಇಳಿಯುತ್ತದೆ. ಈಗಾಗಲೇ ಬಿದ್ದಿರುವ ಕಚ್ಚು ತುಂಬಿಕೊಳ್ಳುವುದಿಲ್ಲ. ಅದನ್ನು ಒಮ್ಮೆ ತೋರಿಸಿ, ಹಲ್ಲಿನ ಬಣ್ಣದ ಫಿಲ್ಲಿಂಗ್ ಬೇಕೇ ಎಂದು ನಿರ್ಧರಿಸಬಹುದು.

ಪ್ರಶ್ನೆ: ಅಂಗಡಿಯಲ್ಲಿ ಕ್ರಿಸ್‌ಕ್ರಾಸ್, ಜಿಗ್‌ಜಾಗ್, ಚಾರ್‌ಕೋಲ್, ಸ್ಲಿಮ್ ಟಿಪ್ ಎಂದು ಹತ್ತಾರು ಬಗೆಯ ಬ್ರಷ್ಷುಗಳಿವೆ. ಇವುಗಳಲ್ಲಿ ಹಲ್ಲಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಯಾವುದು?
— ಗೃಹಿಣಿ, ಮಲ್ಲೇಶ್ವರ

ಉತ್ತರ: ಕುಚ್ಚುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದಕ್ಕಿಂತ ಎಳೆಯ ತುದಿ ಹೇಗಿದೆ ಎಂಬುದು ಮುಖ್ಯ. ಒಳ್ಳೆಯ ಬ್ರಷ್ಷಿನಲ್ಲಿ ಕತ್ತರಿಸಿದ ತುದಿಗಳನ್ನು ಉಜ್ಜಿ ಗುಂಡಗೆ ಮಾಡಿರುತ್ತಾರೆ. ಅಗ್ಗದ ಬ್ರಷ್ಷೊಂದನ್ನು ಭೂತಗನ್ನಡಿಯಲ್ಲಿ ನೋಡಿ: ಕೆಲವು ಎಳೆಗಳ ತುದಿ ಓರೆಯಾಗಿ ಚೂಪಾಗಿರುತ್ತದೆ, ಕೆಲವಕ್ಕೆ ಅಂಚಿನಲ್ಲಿ ಸಿಬಿರು ಎದ್ದಿರುತ್ತದೆ. ಇವು ಎನಾಮಲ್ಲಿಗೆ ಅಷ್ಟಾಗಿ ಏನೂ ಮಾಡದಿದ್ದರೂ ವಸಡನ್ನು ಗೀರುತ್ತವೆ. ಸೂಜಿಯಂತೆ ಸಣ್ಣಗಾಗುವ ‘ಸ್ಲಿಮ್ ಟಿಪ್’ ಎಳೆಗಳು ವಸಡಿನಂಚಿಗೆ ಚೆನ್ನಾಗಿ ಇಳಿಯುತ್ತವೆ. ವಸಡು ಸೂಕ್ಷ್ಮವಾಗಿರುವವರಿಗೆ ಅವು ಹಿತ. ಜಿಗ್‌ಜಾಗ್‌ಗಾಗಿ ಹೆಚ್ಚು ದುಡ್ಡು ಕೊಡುವಂಥದ್ದೇನೂ ನನಗೆ ಕಂಡಿಲ್ಲ. ತಲೆ ಚಿಕ್ಕದಾಗಿದ್ದು ಕೊನೆಯ ದವಡೆಹಲ್ಲಿನ ಹಿಂದಕ್ಕೂ ಹೋಗುವಂತಿದ್ದರೆ ಸಾಕು. ಚಾರ್‌ಕೋಲ್ ಬ್ರಷ್ಷಿನಲ್ಲಿ ಇದ್ದಿಲು ಎಳೆಯ ಒಳಗೇ ಬೆರೆತಿರುವುದರಿಂದ ಅದರ ಬಗ್ಗೆ ಭಯ ಬೇಡ, ಭರವಸೆಯೂ ಬೇಡ. ಇದ್ದಿಲ ಪುಡಿಯಿಂದ ಉಜ್ಜುವುದು ಮಾತ್ರ ಬೇರೆಯೇ ವಿಷಯ, ಅದರ ಕಣಗಳು ಒರಟಾಗಿದ್ದರೆ ಎನಾಮಲ್ಲಿನ ಹೊಳಪೇ ಹೋಗುತ್ತದೆ.

ನೈಲಾನ್ ಎಳೆಯ ಬ್ರಷ್ಷು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದಕ್ಕೂ ಮೊದಲು ಹಂದಿಯ ಕೂದಲಿನ ಬ್ರಷ್ಷುಗಳೇ ಹೆಚ್ಚು. ಮೊದಲ ನೈಲಾನ್ ಎಳೆಗಳು ವಸಡಿಗೆ ನೋವಾಗುವಷ್ಟು ಬಿಗಿಯಾಗಿದ್ದವು, ಮೃದು ನೈಲಾನ್ ಬಂದದ್ದು 1950ರ ದಶಕದಲ್ಲಿ. ಗಟ್ಟಿಯಾಗಿ ಉಜ್ಜಿದರೇ ಸ್ವಚ್ಛ ಎಂಬ ನಂಬಿಕೆ ಮಾತ್ರ ಇನ್ನೂ ಅಂಗಡಿಯ ಕಪಾಟಿನಲ್ಲಿ ಉಳಿದುಕೊಂಡಿದೆ.

ಪ್ರಶ್ನೆ: ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದು, ಕೂಡಲೇ ಎಲೆಕ್ಟ್ರಿಕ್ ಬ್ರಷ್ಷಿನಲ್ಲಿ ಹಲ್ಲುಜ್ಜಿ ಕೆಲಸಕ್ಕೆ ಹೊರಡುತ್ತೇನೆ. ಈ ಬ್ರಷ್ಷು ಹಲ್ಲನ್ನು ಹೆಚ್ಚು ಸವೆಸುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಸಂಶಯ ಪಡಬೇಕಾದ್ದು ಬ್ರಷ್ಷಿನ ಮೇಲಲ್ಲ, ನಿಂಬೆಯ ಮೇಲೆ. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿರುತ್ತದೆ, ನೀರು ಬೆರೆಸಿದರೂ ಹುಳಿ ಸಾಕಷ್ಟು ಉಳಿಯುತ್ತದೆ. ಹೀಗೆ ಮೆದುವಾದ ಮೇಲ್ಪದರವನ್ನು ಯಾವ ಬ್ರಷ್ಷಾದರೂ ಒರೆಸಿ ಹಾಕಬಲ್ಲದು. ಮೊದಲು ಹಲ್ಲುಜ್ಜಿ ಆಮೇಲೆ ಕುಡಿಯಿರಿ, ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಕುಡಿದ ಮೇಲೆಯೇ ಉಜ್ಜಬೇಕೆಂದಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ, ಅಷ್ಟರಲ್ಲಿ ಜೊಲ್ಲು ಬಾಯಿಯ ಹುಳಿಯನ್ನು ಇಳಿಸಿರುತ್ತದೆ. ಎಲೆಕ್ಟ್ರಿಕ್ ಬ್ರಷ್ಷನ್ನು ಜನ ಸಾಮಾನ್ಯವಾಗಿ ಕಡಿಮೆ ಒತ್ತಿ ಹಿಡಿಯುತ್ತಾರೆ. ಒತ್ತಡ ಹೆಚ್ಚಾದಾಗ ಎಚ್ಚರಿಸುವ ದೀಪವಿರುವ ಮಾದರಿಯಾದರೆ ಇನ್ನೂ ಒಳ್ಳೆಯದು. ಹಲ್ಲಿನಿಂದ ಹಲ್ಲಿಗೆ ಅದನ್ನು ನಿಧಾನವಾಗಿ ಸರಿಸಿ, ಸಾದಾ ಬ್ರಷ್ಷಿನಂತೆ ತಿಕ್ಕಬೇಡಿ.

ಪ್ರಶ್ನೆ: ಎಳೆಗಳು ಕೆದರಿದ ಹಳೆಯ ಬ್ರಷ್ಷು ಮೆತ್ತಗಾಗಿರುವುದರಿಂದ ಅದೇ ಒಳ್ಳೆಯದಲ್ಲವೇ?
— ವಿದ್ಯಾರ್ಥಿ, ವಿಜಯನಗರ

ಉತ್ತರ: ಅಲ್ಲ. ಕೆದರಿದ ಎಳೆಗಳು ವಸಡಿನಂಚನ್ನು ತಲುಪದೆ ಪಕ್ಕಕ್ಕೆ ಚಾಚುತ್ತವೆ. ಸ್ವಚ್ಛವಾಗಲಿಲ್ಲವೆಂದು ಕೈ ಇನ್ನಷ್ಟು ಒತ್ತುತ್ತದೆ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಒಂದೇ ತಿಂಗಳಿಗೆ ಕೆದರುತ್ತಿದ್ದರೆ ನಿಮ್ಮ ಕೈಯ ಬಲ ಹೆಚ್ಚಾಗಿದೆಯೆಂದೇ ಅರ್ಥ.

ಪ್ರಶ್ನೆ: ನಮ್ಮದು ಪಾವಗಡ, ಬಾಲ್ಯವೆಲ್ಲ ಕೊಳವೆಬಾವಿಯ ನೀರಿನಲ್ಲೇ ಕಳೆಯಿತು. ಈಗ ಬೆಂಗಳೂರಿನಲ್ಲಿದ್ದೇನೆ. ಮುಂದಿನ ಹಲ್ಲುಗಳ ಕಂದು ಕಲೆ ಹೋಗಲೆಂದು ಗಟ್ಟಿ ಬ್ರಷ್ಷಿನಿಂದ ಉಜ್ಜುತ್ತಿದ್ದೇನೆ, ಫಲವಿಲ್ಲ.
— ಆಟೋ ಚಾಲಕರು, ಪೀಣ್ಯ

ಉತ್ತರ: ದಯವಿಟ್ಟು ಅದನ್ನು ನಿಲ್ಲಿಸಿ. ಅದು ಫ್ಲೋರೋಸಿಸ್‌ನ ಕಲೆ ಇದ್ದಂತಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಿತಿಯಿದೆ; ಅದನ್ನು ಮೀರಿದ ನೀರನ್ನು, ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಕುಡಿದವರ ಎನಾಮಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ, ಬಣ್ಣ ಕೂರುವುದು ಆ ರಂಧ್ರಗಳಲ್ಲಿ. ಒಳಗಿರುವ ಕಲೆಯನ್ನು ಮೇಲಿಂದ ಉಜ್ಜಿ ತೆಗೆಯಲಾಗದು. ಫ್ಲೋರೋಸಿಸ್ ತೀವ್ರವಾಗಿರುವ ಎನಾಮಲ್ ಸಾಮಾನ್ಯ ಎನಾಮಲ್ಲಿಗಿಂತ ಬೇಗ ಚಕ್ಕೆ ಏಳುತ್ತದೆ, ಬೇಗ ಸವೆಯುತ್ತದೆ; ಆದ್ದರಿಂದ ಗಟ್ಟಿ ಬ್ರಷ್ಷಿನ ಹಾನಿ ನಿಮಗೆ ಇತರರಿಗಿಂತ ಹೆಚ್ಚು. ಕಲೆ ತಿಳಿಯಾಗಿದ್ದರೆ ದಂತವೈದ್ಯರು ಮೇಲ್ಪದರವನ್ನು ಕೂದಲೆಳೆಯಷ್ಟು ಮಾತ್ರ ತೆಗೆದು ಹೊಳಪು ಕೊಡುವ ಮೈಕ್ರೋಅಬ್ರೇಶನ್ ಮಾಡಬಹುದು, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪವನ್ನೋ ವಿನಿಯರ್ ಎಂಬ ತೆಳು ಹೊದಿಕೆಯನ್ನೋ ಕೂರಿಸಬಹುದು. ಖರ್ಚಿನ ಚಿಂತೆಯಿದ್ದರೆ ಮೊದಲು ಕೋಟೆ ಪ್ರದೇಶದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ತೋರಿಸಿ. ಅಲ್ಲಿಯವರೆಗೆ ಮೃದು ಬ್ರಷ್ಷು, ಸಾದಾ ಪೇಸ್ಟು ಸಾಕು.